ಏಳು ಫೈಲು, ಒಂದು ಲಗ್ನಪತ್ರ

ಇದು ನಡೆದದ್ದು ೨೦೦೩ರ ಜನವರಿಯಲ್ಲಿ. ನಾನು ಬಿ.ಎಸ್ಸಿ. ಮುಗಿಸಿ, ವಿಜಾಪುರದ ಒಂದು ಕಂಪ್ಯೂಟರ್ ಅಂಗಡಿಯ ಪರವಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪ್ರೆಸ್ಸುಗಳಿಗೆ ರಿಪೇರಿಗೆ ಓಡಾಡುತ್ತಿದ್ದೆ. ಒಂದೇ ಕಂಪ್ಯೂಟರಿನಲ್ಲಿ ಡಿಸೈನ್ ಸಾಫ್ಟ್‌ವೇರಿನ ಎರಡು ಮೂರು ಆವೃತ್ತಿ ಇದ್ದ ಕಡೆ ಒಂದಿಲ್ಲೊಂದು ತೊಂದರೆ ಆಗುತ್ತಲೇ ಇರುತ್ತದೆ. ಹಳೆಯದರಲ್ಲಿ ಮಾಡಿದ ಕನ್ನಡವನ್ನು ಹೊಸದರಲ್ಲಿ ತೆರೆದರೆ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಹೀಗಾಗಿ ಯಾರೂ ಹಳೆಯದನ್ನು ಬಿಡುವುದಿಲ್ಲ, ಹೊಸದನ್ನು ಬೇಡ ಎನ್ನುವುದೂ ಇಲ್ಲ.

೧. ಎಲ್ಲದಕ್ಕೂ ಹೌದು

ಸಿಂದಗಿಯ ಪ್ರೆಸ್ಸಿನ ಯಜಮಾನರು ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಕಂಪ್ಯೂಟರಿಗೆ ಬಂದದ್ದು ಐವತ್ತು ದಾಟಿದ ಮೇಲೆ. ಮಗಳ ಲಗ್ನಪತ್ರವನ್ನು ಹಳೆಯ ಆವೃತ್ತಿಯಲ್ಲಿ ಒಂದು ತಿಂಗಳು ಕೂತು ಮಾಡಿದ್ದರು, ಐದು ಸಲ ಪ್ರೂಫ್ ನೋಡಿದ್ದರು. ಸೋಮವಾರ ಅಚ್ಚಿಗೆ ಹೋಗಬೇಕು.

ಬುಧವಾರ ನಾನು ಹೊಸ ಆವೃತ್ತಿ ಹಾಕಲು ಹೋದೆ. ಜಾಗ ಸಾಲಲಿಲ್ಲ. ಬಳಸದೆ ಬಿದ್ದಿದ್ದ ನಡುವಿನ ಆವೃತ್ತಿಯನ್ನು ತೆಗೆಯತೊಡಗಿದೆ. ಈ ಫೈಲನ್ನು ಬೇರೆ ಯಾರೂ ಬಳಸುತ್ತಿಲ್ಲ, ತೆಗೆಯಲೇ ಎಂದು ಕಂಪ್ಯೂಟರ್ ಕೇಳಿತು. ಮತ್ತೆ ಮತ್ತೆ ಕೇಳಬಾರದೆಂದು ‘ಎಲ್ಲದಕ್ಕೂ ಹೌದು’ ಒತ್ತಿದೆ.

ಹೊಸದು ತೆರೆಯಿತು. ಹಳೆಯದು ತೆರೆಯಲಿಲ್ಲ. ಒಂದು ಫೈಲು ಕಾಣೆಯಾಗಿದೆ ಎಂದಿತು.

“ಹೊಸದರಾಗ ಮತ್ತ ಟೈಪ್ ಮಾಡೂಣ್ರಿ” ಎಂದೆ.

“ಮತ್ತ ಮಾಡಿದ್ರ ಮತ್ತ ತಪ್ಪು ಹುಟ್ಟತಾವು ತಮ್ಮಾ. ನನ್ನ ಮಗಳ ಕಾರ್ಡಿನ್ಯಾಗ ಒಂದು ತಪ್ಪಿದ್ರೂ ನಾಕೂ ತಾಲ್ಲೂಕಿನ ಪ್ರೆಸ್ಸಿನಾವ್ರು ನಗತಾರ.”

ಪರದೆಯ ಕಡೆ ಬೆರಳು ಮಾಡಿ ಕೇಳಿದರು: “ಅದನ್ನ ಯಾರೂ ಬಳಸಂಗಿಲ್ಲ ಅನ್ನೂದು ನಿನಗ ಗೊತ್ತಿತ್ತೇನು?”

“ಇಲ್ರಿ.”

“ಬಾಜೂಕ ನಾ ಕುಂತಿದ್ದೆ.”

೨. ಜೋಳದ ಹೊಲದ ಸಿ.ಡಿ.

ಹಳೆಯ ಆವೃತ್ತಿಯ ಸಿ.ಡಿ. ಇದ್ದರೆ ಕೆಲಸ ಅರ್ಧ ಗಂಟೆಯದು. ಹೊಸದು ಬರುತ್ತದೆಂದು ಯಜಮಾನರು ಅದನ್ನು ತಾಂಬಾ ಊರಿನ ತಮ್ಮನಿಗೆ ಕೊಟ್ಟುಬಿಟ್ಟಿದ್ದರು. ಗುರುವಾರ ಹೋದೆ. ಸಿ.ಡಿ. ಬಿಳಿಜೋಳದ ಹೊಲದ ನಡುವೆ ಗಳಕ್ಕೆ ತೂಗಾಡುತ್ತಿತ್ತು.

“ತಗಿಯಾಕ ಬರಂಗಿಲ್ರಿ” ಎಂದರು ತಮ್ಮ. “ತೆನಿ ಹಾಲುಗಾಳು ಆಗ್ಯಾವು. ಇದು ಹೊಳದ್ರ ಒಂದು ಗಿಳಿ ಇಳಿಯಂಗಿಲ್ಲ.”

ನನ್ನ ಚೀಲದಲ್ಲಿದ್ದ ವೈರಸ್ ತೆಗೆಯುವ ಸಿ.ಡಿ.ಯನ್ನು ಅದರ ಜಾಗದಲ್ಲಿ ಕಟ್ಟಿಕೊಟ್ಟೆ. ಅವರು ದೂರ ನಿಂತು ಹೊಳಪು ಪರೀಕ್ಷಿಸಿ, ಪರವಾಗಿಲ್ಲ ಎಂದು ಒಪ್ಪಿದರು. ಅಣ್ಣನಿಗೆ ಏನಾಯಿತೋ ನೋಡೋಣವೆಂದು ನನ್ನ ಜೊತೆಯೇ ಸಿಂದಗಿಗೆ ಬಂದರು.

ಬಿಸಿಲು, ದೂಳು ತಿಂದ ಸಿ.ಡಿ.ಯನ್ನು ಕಂಪ್ಯೂಟರ್ ಮೂರು ಸಲ ತಿರುಗಿಸಿತು, ಮೂರು ಸಲವೂ ಹೊರಗೆ ಹಾಕಿತು.

ತಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದರು. “ನೋಡ್ರಿ, ನಿಮ್ಮ ಕಂಪ್ಯೂಟರನೂ ಅಂಜತೈತಿ.”

೩. ಬೀಗರ ಸ್ವಭಾವ

ಶುಕ್ರವಾರ ಇಂಡಿಗೆ ಹೋದೆ. ಅಲ್ಲಿಯ ಪ್ರೆಸ್ ನಡೆಸುವ ಅಕ್ಕಾರ ಹತ್ತಿರವೂ ಅದೇ ಹಳೆಯ ಆವೃತ್ತಿಯಿತ್ತು. ಕಾಣೆಯಾದ ಫೈಲನ್ನು ಫ್ಲಾಪಿಗೆ ಹಾಕಿಕೊಂಡು ಸಿಂದಗಿಗೆ ಬಂದೆ. ಹಾಕಿದೆ. ಕಂಪ್ಯೂಟರ್ ಇನ್ನೊಂದು ಫೈಲಿಲ್ಲ ಎಂದಿತು. ಅಕ್ಕಾರಿಗೆ ಫೋನ್ ಮಾಡಿದೆ. ಅದನ್ನು ಫ್ಲಾಪಿಯಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸಿದರು. ಆಗ ಮೂರನೆಯದು ಇಲ್ಲ ಎಂದಿತು.

“ಪೂರಾ ಯಾದಿ ಒಮ್ಮೆ ಹೇಳಬಾರದೇನ್ರಿ ಅದು?” ಎಂದರು ಅಕ್ಕಾರು.

“ಒಂದು ಕೊಟ್ಟ ಮ್ಯಾಲನ ಇನ್ನೊಂದು ಕೇಳತೈತ್ರಿ.”

“ಗೊತ್ತಾತು ಬಿಡ್ರಿ. ನಮ್ಮ ಬೀಗರ ಹಂಗ.”

ಮೂರನೆಯದೂ ಬಂತು. ನಾಲ್ಕನೆಯದು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ; ಅವರ ವಿಂಡೋಸ್ ಬೇರೆ, ಅದಕ್ಕೆ ಅದು ಬೇಕಾಗಿರಲಿಲ್ಲ. ಮುದ್ದೇಬಿಹಾಳದಲ್ಲಿ ಸಿಗಬಹುದು ಎಂದು ಅವರೇ ಹೇಳಿ, ಅಲ್ಲಿಗೆ ಅವರೇ ಫೋನ್ ಮಾಡಿದರು.

೪. ಅರ್ಧ ಟಿಕೆಟ್ಟು

ಮುದ್ದೇಬಿಹಾಳದ ಪ್ರೆಸ್ಸಿನ ಸಾಹೇಬರು ಹದಿನಾರನೆಯ ವಯಸ್ಸಿನಲ್ಲಿ ನಮ್ಮ ಯಜಮಾನರ ಕೈಕೆಳಗೆ ಮೊಳೆ ಜೋಡಿಸಲು ಕಲಿತವರು. ಶನಿವಾರ ಮಧ್ಯಾಹ್ನ ಸಿಂದಗಿ ಬಸ್ ನಿಲ್ದಾಣದಲ್ಲಿ ಇಳಿದರು. ತೋಳಿನಲ್ಲಿ, ಚಾದರದಲ್ಲಿ ಸುತ್ತಿದ ಅವರ ಇಡೀ ಕಂಪ್ಯೂಟರ್ ಡಬ್ಬಿ.

“ಫ್ಲಾಪಿ ಸಾಕಾಗಿತ್ತಲ್ರಿ!” ಎಂದೆ.

“ಉಸ್ತಾದರ ಮಗಳ ಕಾರ್ಡ್ ಅದು. ಯಾವ ಫೈಲ್ ಬೇಕಾದೀತೋ ಯಾರಿಗೆ ಗೊತ್ತು? ಎಲ್ಲಾ ತಂದೇನಿ.”

ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರಂತೆ. ಚಾದರ ನೋಡಿದ ಕಂಡಕ್ಟರ್, “ವಯಸ್ಸೆಷ್ಟ್ರಿ?” ಎಂದನಂತೆ. ಸಾಹೇಬರು ಸುಳ್ಳು ಹೇಳುವವರಲ್ಲ. ಕೊಂಡ ವರ್ಷ ಲೆಕ್ಕ ಹಾಕಿ, “ಆರು ತುಂಬೈತ್ರಿ” ಎಂದರು. ಅರ್ಧ ಟಿಕೆಟ್ ಹರಿದುಕೊಟ್ಟ.

೫. ಖಾನೆ

ಸಾಹೇಬರ ಡಬ್ಬಿಯಲ್ಲಿ ಉಳಿದ ನಾಲ್ಕೂ ಫೈಲು ಸಿಕ್ಕವು. ಒಟ್ಟು ಏಳು. ಹಳೆಯ ಆವೃತ್ತಿ ತೆರೆಯಿತು. ಈಗ ಹೊಸದು ನಿಂತಿತು. ಅದೇ ಹೆಸರಿನ ಫೈಲು ಹೊಸದಕ್ಕೂ ಬೇಕು, ಆದರೆ ಅದರದು ಬೇರೆ. ಹಳೆಯದರ ಫೈಲು ಇಟ್ಟರೆ ಹೊಸದು ಏಳುವುದಿಲ್ಲ, ಹೊಸದರದು ಇಟ್ಟರೆ ಹಳೆಯದು ಏಳುವುದಿಲ್ಲ. ನಾಲ್ಕು ಸಲ ಅದಲು ಬದಲು ಮಾಡಿ, ಪ್ರತಿ ಸಲವೂ ವಹಿಯಲ್ಲಿ ಬರೆದುಕೊಂಡೆ.

ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು.

“ಎರಡು ನಮೂನಿ ಮೊಳಿ ಒಂದ ಖಾನ್ಯಾಗ ಯಾಕ ಸುರಿಯಾಕತ್ತಿ ತಮ್ಮಾ? ಹಳೇದರದು ಹಳೇದರ ಪೆಟಗ್ಯಾಗ ಇಡು, ಹೊಸದರದು ಹೊಸದರ ಪೆಟಗ್ಯಾಗ ಇಡು.”

ಆಯಾ ಆವೃತ್ತಿಯ ಫೋಲ್ಡರಿನಲ್ಲಿ ಆಯಾ ಫೈಲು ಇಟ್ಟೆ. ಎರಡೂ ತೆರೆದವು. ನಾನು ಎದ್ದು ನಿಂತೆ. ಕೂತು ಕೇಳುವ ಮಾತಾಗಿರಲಿಲ್ಲ ಅದು.

“ನೀ ಓದಿದ್ದು ಏನು?” ಎಂದರು.

“ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ರಿ.”

“ಹೌದಾ! ಹಂಗಾರ ನಿನ್ನ ತಪ್ಪಲ್ಲ ಬಿಡು.”

೬. ಬಾಗೇವಾಡಿಯ ಅಕ್ಷತೆ

ಸೋಮವಾರ ಲಗ್ನಪತ್ರ ಅಚ್ಚಾಯಿತು. ಮದುವೆ ಗಂಡಿನ ಊರಾದ ಬಸವನ ಬಾಗೇವಾಡಿಯಲ್ಲಿ. ನಾಲ್ಕೂ ತಾಲ್ಲೂಕಿನ ಪ್ರೆಸ್ಸಿನವರು ಬಂದಿದ್ದರು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು, ಎಡಗೈಯಲ್ಲಿ ಅಕ್ಷತೆ, ಬಲಗೈಯಲ್ಲಿ ಲಗ್ನಪತ್ರ ಹಿಡಿದಿದ್ದರು. ಇಂಡಿಯ ಅಕ್ಕಾರು ಒಂದೊಂದೇ ಸಾಲಿಗೆ ಬೆರಳಿಟ್ಟು ಓದುತ್ತಿದ್ದರು. ಸಾಹೇಬರು ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಶುರುಮಾಡಿದ್ದರು. ಇನ್ನಿಬ್ಬರ ಕಿಸೆಯಿಂದ ಕೆಂಪು ಪೆನ್ನು ಹೊರಬಂದಿತ್ತು.

ಗಂಡಿನ ಸೋದರಮಾವ ನನ್ನನ್ನು ಕೇಳಿದರು: “ಇವ್ರಿಗೆ ಇನ್ನೂ ಯಾರ ಲಗ್ನ ಅಂತ ಗೊತ್ತಾಗಿಲ್ಲೇನ್ರಿ?”

ಗಟ್ಟಿಮೇಳ ಮೊಳಗಿತು. ಆ ಸಾಲಿನಿಂದ ಒಂದು ಕಾಳೂ ಹಾರಲಿಲ್ಲ. ಮಂಟಪದಲ್ಲಿದ್ದ ಯಜಮಾನರು ಮಗಳನ್ನೂ ನೋಡದೆ, ಅಳಿಯನನ್ನೂ ನೋಡದೆ, ಆ ಸಾಲನ್ನೇ ನೋಡುತ್ತಿದ್ದರು. ಹುಬ್ಬೇರಿಸಿ ನನಗೆ ಸನ್ನೆ ಮಾಡಿದರು. ನಾನು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರನ್ನೂ ಕೇಳಿಕೊಂಡು ಹೋಗಿ, ಮಂಟಪ ಹತ್ತಿ, ಅವರ ಕಿವಿಯಲ್ಲಿ ಹೇಳಿದೆ.

ಓದಿದವರು ಹದಿನಾಲ್ಕು. ಸಿಕ್ಕ ತಪ್ಪು ಸೊನ್ನೆ.