ಸವೆಯಬಾರದ ಗುರಾಣಿ

ಒಳ್ಳೆಯ ವಸ್ತುವನ್ನು ಸಂಪಾದಿಸಲು ಶ್ರಮ ಸಾಕು, ಅದನ್ನು ಬಳಸಲು ಮಾತ್ರ ಧೈರ್ಯ ಬೇಕು. ಆ ಧೈರ್ಯ ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ. ನಮ್ಮ ಅಜ್ಜಿ ತವರಿನಿಂದ ತಂದ ಒಂದು ಡಜನ್ ಪಿಂಗಾಣಿ ಕಪ್ಪುಗಳು ಗಾಜಿನ ಕಪಾಟಿನಲ್ಲಿ ಕೂತು ಮೂರು ತಲೆಮಾರಿನ ಬೀಗರನ್ನು ನೋಡಿವೆ, ಒಬ್ಬರ ತುಟಿಗೂ ತಾಗಿಲ್ಲ. ಟಿವಿ ರಿಮೋಟಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾವು ಇನ್ನೂ ತೆಗೆದಿಲ್ಲ. ಹೊದಿಕೆ ಮಬ್ಬಾಗಿ ಯಾವ ಗುಂಡಿ ಎಲ್ಲಿದೆ ಎಂದು ಕಾಣದ್ದರಿಂದ, ಎದ್ದು ಹೋಗಿ ಟಿವಿಯ ಗುಂಡಿಯನ್ನೇ ಒತ್ತುತ್ತೇವೆ. ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಅಲ್ಲಿ ಎಲ್ಲಕ್ಕಿಂತ ಚೆಂದದ ಸೀರೆ ಮೇಲಿನ ಕಪಾಟಿನಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದೆ. ಗಿರಾಕಿ ಅದನ್ನೇ ತೋರಿಸಿ ಎಂದರೆ ನಮ್ಮಣ್ಣ, "ಮಂದಿ ಕೈ ಹತ್ತಿ ಹೊಲಸಾಕ್ಕೈತಿ ಬಿಡ್ರಿ, ಅಂಥಾದ್ದ ಇನ್ನೊಂದು ತೋರಿಸ್ತೇನಿ" ಎಂದು ಕೆಳಗಿನದನ್ನು ಬಿಚ್ಚುತ್ತಾನೆ. ಮಾರುವುದಕ್ಕೆಂದೇ ನೇಯಿಸಿದ ಸೀರೆಯನ್ನು ಮಾರಿದರೆ ಖರ್ಚಾದೀತು ಎಂದು ಕಾಪಾಡುವ ಅಂಗಡಿ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ.

ಇಂಥ ವಂಶದ ಕುಡಿಯಾದ ನಾನು ನಲವತ್ತರ ವಯಸ್ಸಿನಲ್ಲಿ ಯೋಧನಾದೆ. ನಮ್ಮ ಊರಿಗೆ ಇಂಟರ್ನೆಟ್ ಸೆಂಟರುಗಳು ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ ಅದು. ಬಾಗಲಕೋಟೆಯಲ್ಲಿ ಉಪನ್ಯಾಸಕನಾಗಿದ್ದ ನನ್ನ ಹೆಂಡತಿಯ ತಮ್ಮ ಶಿವಾನಂದ ಒಂದು ಆನ್‌ಲೈನ್ ಆಟದ ಹುಚ್ಚು ಹಚ್ಚಿಕೊಂಡಿದ್ದ. ನನಗೂ ಹಚ್ಚಿದ. ನಾನು ಹುನಗುಂದದ ದಾದಾಪೀರನಿಗೆ ಹಚ್ಚಿದೆ. ದಾದಾಪೀರ ನನ್ನ ಶಾಲೆಯ ದಿನಗಳ ಗೆಳೆಯ, ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮೂವರೂ ನಮ್ಮ ನಮ್ಮ ಊರಿನ ಕಂಪ್ಯೂಟರಿನ ಮುಂದೆ ಕೂತು, ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು, ರಾಕ್ಷಸರ ಮೇಲೆ ದಂಡೆತ್ತಿ ಹೋಗುತ್ತಿದ್ದೆವು. ಶಿವಾನಂದ ಬಿಲ್ಲುಗಾರ. ದಾದಾಪೀರ ಗಾಯ ಮಾಯಿಸುವ ವೈದ್ಯ. ನಾನು ಗುರಾಣಿ ಹಿಡಿದು ಎಲ್ಲರ ಮುಂದೆ ನಿಂತು ಹೊಡೆತ ತಿನ್ನುವವನು.

ನಗಬೇಡಿ, ಆ ಜಾಗ ನನಗೆ ಬಹಳ ದೊಡ್ಡದಾಗಿತ್ತು. ಅಂಗಡಿಯಲ್ಲಿ ನಾನು ಅಣ್ಣನ ಹಿಂದೆ, ಮನೆಯಲ್ಲಿ ಹೆಂಡತಿಯ ಹಿಂದೆ, ಮದುವೆ ಊಟದ ಪಂಕ್ತಿಯಲ್ಲಿ ಸಹ ಬೀಗರೆಲ್ಲ ಕೂತ ಮೇಲೆ ಉಳಿದ ಎಲೆಗೆ. ಯಾರಾದರೂ ನನ್ನ ಬೆನ್ನನ್ನು ನಂಬಿ ಹಿಂದೆ ನಿಂತದ್ದು ಭಾನುವಾರ ಮಧ್ಯಾಹ್ನದ ಆ ಎರಡು ಗಂಟೆ ಮಾತ್ರ. ಸೋಮವಾರದಿಂದ ಶನಿವಾರದವರೆಗೆ ನಾನು ಅದನ್ನೇ ನೆನೆಸಿಕೊಂಡು ಸೀರೆ ಮಡಿಸುತ್ತಿದ್ದೆ.

ತೊಂದರೆ ಶುರುವಾದದ್ದು ಏಳು ಕೋಣೆಗಳ ಒಂದು ಗವಿಯಿಂದ. ನಮ್ಮ ಸೀಮೆಯವರಿಗೆ ಗವಿ ಎಂದರೆ ಬಾದಾಮಿ. ಬುತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಬೇಕು, ಮಂಗಗಳಿಂದ ಬುತ್ತಿ ಉಳಿಸಿಕೊಳ್ಳಬೇಕು, ಇಳಿದು ಬರಬೇಕು. ಆಟದ ಗವಿ ಹಾಗಿರಲಿಲ್ಲ. ಏಳನೆಯ ಕೋಣೆಯಲ್ಲಿ ಬೆಂಕಿ ಉಗುಳುವ ಕಲ್ಲಿನ ಹಾವೊಂದಿತ್ತು. ಆ ಬೆಂಕಿಯನ್ನು ತಡೆಯುವುದು ಬೆಳ್ಳಿಯ ಗುರಾಣಿ ಒಂದೇ. ಅದಕ್ಕೆ ಬೇಕಾದ ಬೆಳ್ಳಿಯ ಚೂರುಗಳನ್ನು ನಾವು ಮೂವರೂ ಆರು ಭಾನುವಾರ ಬೆಟ್ಟ ಗುಡ್ಡ ಅಲೆದು ಆರಿಸಿದೆವು. ಶಿವಾನಂದನಿಗೆ ತನ್ನ ಬಿಲ್ಲಿಗೆ ಬೆಳ್ಳಿ ಬೇಕಿತ್ತು, ದಾದಾಪೀರನಿಗೆ ತನ್ನ ಕೋಲಿಗೆ ಬೇಕಿತ್ತು. ಇಬ್ಬರೂ ತಮ್ಮ ಪಾಲನ್ನು ನನಗೇ ಕೊಟ್ಟರು. ಗುರಾಣಿ ತಯಾರಾಗಿ ನನ್ನ ಚೀಲಕ್ಕೆ ಬಂದ ದಿನ ನನಗೆ ಅಂಗಡಿಯಲ್ಲಿ ಕೂತರೂ ಕೂತಂತಾಗಲಿಲ್ಲ.

ಆದರೆ ಆ ಆಟದಲ್ಲಿ ಒಂದು ದುಷ್ಟ ನಿಯಮವಿತ್ತು. ಪ್ರತಿ ಗುರಾಣಿಗೂ ನೂರು ಅಂಕದ ಆಯುಷ್ಯ. ಏಟು ಬಿದ್ದಂತೆ ಅಂಕ ಇಳಿಯುತ್ತದೆ, ಸೊನ್ನೆಯಾದರೆ ಮುರಿದೇ ಹೋಯಿತು. ನನ್ನ ಹಳೆಯ ತಗಡಿನ ಗುರಾಣಿ ಒಂದು ಸುತ್ತಿಗೆ ನಲವತ್ತು ಅಂಕ ಕಳೆದುಕೊಳ್ಳುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ. ಹೊಚ್ಚ ಹೊಸ ಬೆಳ್ಳಿಯದಕ್ಕೂ ಆ ಗತಿ ಬಂದರೆ? ಗವಿಯ ಬಾಗಿಲಲ್ಲಿ ಮೂರು ಗುರಾಣಿಗಳು ಸಾಲಾಗಿ ಕಾಣಿಸಿಕೊಂಡವು. ತಗಡು, ಕಂಚು, ಬೆಳ್ಳಿ. ಒಳಗೆ ಹೋದ ಮೇಲೆ ಬದಲಿಸುವಂತಿಲ್ಲ. ಬೆಳ್ಳಿಯ ಮೇಲೆ ಮೌಸಿನ ಬಾಣದ ಗುರುತನ್ನು ಒಯ್ದೆ. ಮನೆಯ ಗಾಜಿನ ಕಪಾಟು ಕಣ್ಮುಂದೆ ಬಂತು. ಇವತ್ತು ತಗಡಿನದರಲ್ಲಿ ಹೇಗೂ ನಡೆದೀತು, ಬೆಳ್ಳಿಯದು ಮುಂದೆ ಇನ್ನೂ ದೊಡ್ಡ ಗವಿ ಬಂದಾಗ ಇರಲಿ ಎಂದು ತಗಡಿನದನ್ನೇ ಒತ್ತಿದೆ.

"ಮಾಮಾ, ಬೆಳ್ಳೀದು ತಗೊಂಡ್ರಿಲ್ಲೋ?" ಎಂದು ಶಿವಾನಂದ ಫೋನಿನಲ್ಲಿ ಕೇಳಿದ.

"ಹೂಂ, ತಗೊಂಡೇನಿ" ಎಂದೆ. ತಗೊಂಡದ್ದು ನಿಜವೇ, ಚೀಲದಲ್ಲಿತ್ತು.

ಏಳನೆಯ ಕೋಣೆಯಲ್ಲಿ ಹಾವು ಒಂದೇ ಸಲ ಉಸಿರು ಬಿಟ್ಟಿತು. ನಾನು ಮೊದಲು ಸತ್ತೆ, ನನ್ನ ಹಿಂದೆಯೇ ದಾದಾಪೀರ, ಆಮೇಲೆ ಶಿವಾನಂದ. ಮರು ಭಾನುವಾರ ಸ್ವಲ್ಪ ಉದಾರನಾಗಿ ಕಂಚಿನದನ್ನು ಒತ್ತಿದೆ. ಆವತ್ತು ಹಾವಿಗೆ ಎರಡು ಸಲ ಉಸಿರು ಬಿಡಬೇಕಾಯಿತು, ಅಷ್ಟೇ ವ್ಯತ್ಯಾಸ. ಆ ಕಾಲದ ಕಂಪ್ಯೂಟರಿನ ತೆರೆಯಲ್ಲಿ ನಮ್ಮ ಗುರಾಣಿ ಅವರೆಕಾಳಿನಷ್ಟು ಕಾಣುತ್ತಿತ್ತು. ಯಾರಿಗೆ ತಿಳಿಯುತ್ತದೆ ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಬೆಳಕು ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ನೋಡುವುದೇ ದಾದಾಪೀರನ ಕಸುಬಲ್ಲವೇ?

"ಲೇ ಮಹಾಂತ್ಯಾ, ನಿನ್ನ ಬೆಳ್ಳಿ ಢಾಲು ಹೊಳೀವಲ್ದಲ್ಲೋ" ಎಂದ.

"ಕತ್ಲಿ ಗವಿಯಾಗ ಹ್ಯಾಂಗ ಹೊಳೀಬೇಕೋ?"

"ಹಾವು ಬೆಂಕಿ ಉಗುಳಿದಾಗ ನನ್ನ ಕೋಲಿನ ಹಿಡಿಕಿ ಸೈತ ಹೊಳೀತು. ನಿಂದ ಒಂದ ಹೊಳೀಲಿಲ್ಲ. ಖರೆ ಹೇಳು, ಯಾವ ಢಾಲು ಹಾಕ್ಕೊಂಡಿದ್ದಿ?"

ಖರೆ ಹೇಳಿದೆ. ಆಮೇಲೆ ಶಿವಾನಂದ ತನ್ನ ಎಂದಿನ ಮರ್ಯಾದೆಯಿಂದಲೇ, "ಮಾಮಾ, ತಪ್ಪ ತಿಳ್ಕೋಬ್ಯಾಡ್ರಿ. ಬರೋ ಐತವಾರ ಇನ್ನೊಂದ ಸಲ ನೋಡೂಣು. ಆಗಲಿಲ್ಲಂದ್ರ ನಮ್ಮ ಕಾಲೇಜಿನ ಸರ್ ಒಬ್ರು ಅದಾರ, ಅವರನ್ನ ಮುಂದ ನಿಲ್ಲಸ್ತೇನಿ. ನೀವು ಹಿಂದ ಆರಾಮ ಇರ್ರಿ" ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಹಿಂದ ಆರಾಮ' ಎಂಬುದು ಎದೆಗೆ ನಾಟಿತು. ಹಿಂದೆ ಆರಾಮವಾಗಿ ಇರುವುದನ್ನು ನಾನು ವಾರಕ್ಕೆ ಆರು ದಿನ ಮಾಡುತ್ತಲೇ ಇದ್ದೆನಲ್ಲ!

ದುಃಖ ತಡೆಯದೆ ಮನೆಗೆ ಬಂದು ಹೆಂಡತಿ ನಿರ್ಮಲಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ಶಿವನ, ಕೈಯಾಗ ಹಿಡಿಯಾಕ ಬಾರದ ಢಾಲನ್ನೂ ಜ್ವಾಪಾನ ಮಾಡಾಕತ್ತೀರೇನ್ರಿ? ನಿಮ್ಮಣ್ಣಾರಿಗೆ ಹೇಳ್ರಿ, ಬಿಳಿ ಅರಬಿ ಸುತ್ತಿ ಮ್ಯಾಲಿನ ಕಪಾಟಿನ್ಯಾಗ ಇಡ್ತಾರ" ಎಂದಳು. ಗಂಡನ ಸಂಕಟದಲ್ಲಿ ಭಾಗಿಯಾಗುವ ರೀತಿ ಇದಲ್ಲ ಎಂದು ಹೇಳಬೇಕೆನ್ನಿಸಿತು. ಸಂಜೆಯ ಚಹಾ ಇನ್ನೂ ಬಂದಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಮುಂದಿನ ಭಾನುವಾರ ಇಂಟರ್ನೆಟ್ ಸೆಂಟರಿನ ಮೆಟ್ಟಿಲು ಹತ್ತಿದರೆ, ನನ್ನ ಖಾಯಂ ಕುರ್ಚಿಯ ಪಕ್ಕದ ಕಂಪ್ಯೂಟರಿನ ಮುಂದೆ ದಾದಾಪೀರ ಕೂತಿದ್ದ! ಸ್ಟುಡಿಯೋಕ್ಕೆ ಬೀಗ ಹಾಕಿ ಹುನಗುಂದದಿಂದ ಬಸ್ಸು ಹಿಡಿದು ಬಂದಿದ್ದ.

"ನೀ ಯಾಕ ಬಂದ್ಯೋ?" ಎಂದೆ.

"ನಿನ್ನ ಬೆರಳಿನ ಮ್ಯಾಲ ನನಗ ನಂಬಿಕಿ ಇಲ್ಲ. ಕುಂಡ್ರು."

ಶಿವಾನಂದ ಬಾಗಲಕೋಟೆಯಿಂದ ಸೇರಿಕೊಂಡ. ಗವಿಯ ಬಾಗಿಲಿಗೆ ಬಂದೆವು. ಮತ್ತೆ ಮೂರು ಗುರಾಣಿ. ಬೆಳ್ಳಿಯದರ ಮೇಲೆ ಬಾಣವನ್ನು ತಂದವನು ಬೆರಳು ಎತ್ತಿ ಹಿಡಿದೇ ಉಳಿದೆ. "ಮೊದಲಿನ ಮೂರು ಕೋಣ್ಯಾಗ ಬರೇ ಹೆಗ್ಗಣ ಬರ್ತಾವೋ. ಹೆಗ್ಗಣಕ್ಕ ಬೆಳ್ಳಿ ಢಾಲ್ಯಾಕ..." ಎಂದು ಶುರುಮಾಡಿದೆ.

ದಾದಾಪೀರ ತನ್ನ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ. ಅವನ ಮುಖದಲ್ಲಿ ಚೇಷ್ಟೆ ಇರಲಿಲ್ಲ. "ಲೇ, ಆರು ಐತವಾರ ನಾ ಬೆಳ್ಳಿ ಆರಿಸಿದ್ದು ನಿನ್ನ ಚೀಲದಾಗ ಇಡಾಕಲ್ಲ. ನೀ ಮುಂದ ನಿಂತ್ರ ನನಗ ಅಂಜಿಕಿ ಆಗೂದಿಲ್ಲ, ಅದಕ್ಕ ಆರಿಸಿದೆ. ಆ ಕಾಲೇಜಿನ ಮಾಸ್ತರ ಎಷ್ಟ ಶಾಣ್ಯಾ ಇರ್ಲಿ, ಅವನ ಹಿಂದ ನಾ ನಿಂದ್ರೂದಿಲ್ಲ" ಎಂದ. ಒತ್ತುತ್ತೇನೆ ಎಂದು ಹೇಳುವಷ್ಟರಲ್ಲಿ ಅವನೇ ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿಬಿಟ್ಟ.

ಹೆಗ್ಗಣಗಳು ಬಂದವು, ಬಾವಲಿಗಳು ಬಂದವು, ಮೂಳೆಯ ಸೈನಿಕರು ಬಂದರು. ನಾನು ತೆರೆಯ ಮೂಲೆಯಲ್ಲಿ ಕಾಣುವ ಅಂಕವನ್ನು ನೋಡಲು ಹೆದರಿ ಅಲ್ಲಿಗೆ ಒಂದು ಚೀಟಿ ಅಂಟಿಸಿಕೊಂಡು ಆಡಿದೆ. ಏಳನೆಯ ಕೋಣೆಯಲ್ಲಿ ಹಾವು ಬಾಯಿ ತೆರೆಯಿತು. ತೆರೆಯೆಲ್ಲ ಕೆಂಪಾಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಇನ್ನೂ ನಿಂತಿದ್ದೆ. "ಮಾಮಾ, ಹಂಗ ನಿಂದ್ರಿ, ಅಲ್ಲಾಡಬ್ಯಾಡ್ರಿ!" ಎಂದು ಶಿವಾನಂದ ಕೂಗಿದ. ಅಲ್ಲಾಡಲಿಲ್ಲ. ಅಷ್ಟು ಹೊತ್ತು ಅಲ್ಲಾಡದೆ ನಾನು ನಮ್ಮಣ್ಣನ ಮುಂದೆ ಸಹ ಎಂದೂ ನಿಂತಿಲ್ಲ. ಅವನ ಬಾಣಗಳು ನನ್ನ ತಲೆಯ ಮೇಲಿಂದ ಹಾರಿ ಹಾರಿ ಹೋದವು. ಕಡೆಗೆ ಹಾವು ಕಲ್ಲು ಕಲ್ಲಾಗಿ ಉದುರಿತು. ಆ ಸೆಂಟರಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಲು ಬಂದವರೆಲ್ಲ ತಿರುಗಿ ನೋಡುವಂತೆ ನಾವಿಬ್ಬರೂ ಕುರ್ಚಿಯಿಂದ ಎದ್ದು ಕುಣಿದೆವು.

ಉಸಿರು ಬಿಗಿಹಿಡಿದು ಚೀಟಿ ಕಿತ್ತೆ. ತೊಂಬತ್ತಾರು! ನಾನು ಎರಡು ವಾರ ಜೀವ ತೇಯ್ದುಕೊಂಡು ಕಾಪಾಡಿದ ಗುರಾಣಿ ಅಷ್ಟೆಲ್ಲ ಬೆಂಕಿ ತಿಂದು ಸವೆದದ್ದು ನಾಲ್ಕೇ ಅಂಕ. ನನ್ನ ಗೆಳೆತನ ಎಷ್ಟು ಸವೆಯಲಿತ್ತು ಎಂದು ಲೆಕ್ಕ ಹಾಕಿ ನಾಚಿಕೆಯಾಯಿತು. "ಇನ್ನ ಮ್ಯಾಲ ಏನಿದ್ರೂ ಬಳಸಿಬಿಡ್ತೇನೋ" ಎಂದೆ, ಬಹಳ ಮನಸಾರೆ.

"ಹಂಗಾದ್ರ ನನ್ನ ತಂಗಿ ಮದ್ವ್ಯಾಗ ನಿನಗೊಂದು ಅಂಗಿ ಹೊಲಿಸಿ ಕೊಟ್ಟಿದ್ನಲ್ಲೋ, ಎಲ್ಲೈತಿ ಅದು? ಒಂದ ದಿನಾ ಮೈಮ್ಯಾಲ ನೋಡಿಲ್ಲ ನಾ" ಎಂದ ದಾದಾಪೀರ.

ಅಂಗಿ ಟ್ರಂಕಿನಲ್ಲಿತ್ತು. ಛಲೋದಿದೆ ಎಂದು ಮೂರು ವರ್ಷದಿಂದ ಇಟ್ಟಿದ್ದೆ. "ಬರೋ ಐತವಾರ ಹಾಕ್ಕೊಂಡು ಹುನಗುಂದಕ್ಕ ಬಾ, ಫೋಟೋ ತಗೀತೇನಿ" ಎಂದು ಅಪ್ಪಣೆಯಾಯಿತು. ಭಾನುವಾರ ಬೆಳಿಗ್ಗೆ ಟ್ರಂಕು ತೆಗೆದು, ಅಂಗಿಯನ್ನು ಕೊಡವಿ ತೊಟ್ಟೆ. ಕಾಲರಿನ ಗುಂಡಿ ಕಾಜಾ ಸೇರಿತು, ಕೆಳಗಿನದೂ ಸೇರಿತು. ನಡುವಿನ ಮೂರು ಗುಂಡಿಗಳಿಗೂ ಅವುಗಳ ಕಾಜಾಗಳಿಗೂ ಮಧ್ಯೆ ನಾನಿದ್ದೆ. "ಉಸರು ಬಿಡಬ್ಯಾಡ್ರಿ" ಎಂದು ನಿರ್ಮಲ ಎಳೆದಳು. ಹುನಗುಂದದವರೆಗೆ ಉಸಿರು ಬಿಡದೆ ಬಸ್ಸಿನಲ್ಲಿ ಹೋಗುವುದು ಯಾವ ಯೋಧನಿಗೂ ಸಾಧ್ಯವಿಲ್ಲ. ಬಸ್ಸಿನಿಂದ ಇಳಿಯುವಾಗ ಒಂದು ಗುಂಡಿ ಸಿಡಿದೇ ಹೋಯಿತು.

ದಾದಾಪೀರ ನನ್ನನ್ನು ದೀಪದ ಮುಂದೆ ನಿಲ್ಲಿಸಿ, ಹಿಂದೆ ಸರಿದು, ಮುಂದೆ ಬಂದು, ತಲೆ ಕೆರೆದುಕೊಂಡ. ಆಮೇಲೆ ಮಕ್ಕಳ ಹುಟ್ಟುಹಬ್ಬದ ಫೋಟೋಕ್ಕೆಂದು ಇಟ್ಟಿದ್ದ ದೊಡ್ಡದೊಂದು ಪ್ಲಾಸ್ಟಿಕ್ ಹೂವಿನ ಬುಟ್ಟಿಯನ್ನು ತಂದು, "ಹೊಟ್ಟಿ ಮುಂದ ಗಟ್ಟಿ ಹಿಡ್ಕೊಂಡು ನಿಂದ್ರು, ಅಲ್ಲಾಡಬ್ಯಾಡ" ಎಂದ. ಆ ಫೋಟೋ ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ನಾನು, ಇದು ನನ್ನ ಗೆಳೆಯ ಕೊಟ್ಟ ಅಂಗಿ ಎಂದು ತೋರಿಸುತ್ತೇನೆ. ಅವರಿಗೆ ಕಾಣುವುದು ಕಾಲರು ಮಾತ್ರ.