ಕಳ್ಳನಿಗೂ ಸಿಗದ ಜಾಗ

ಕದಿರೇಶನ ಕಷ್ಟಕ್ಕೆಲ್ಲ ಮೂಲ ಎರಡೂವರೆ ನಿಮಿಷದ ಒಂದು ವೀಡಿಯೊ. ಅದನ್ನು ಕಳಿಸಿದವರು ಪಕ್ಕದ ಮನೆಯ ರಾಮಚಂದ್ರಪ್ಪ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈಯಿಂದ ಟಿಕೆಟ್ ಪುಸ್ತಕ ಹೋಯಿತೇ ಹೊರತು, ಎದುರಿಗೆ ಬಂದವರಿಗೆಲ್ಲ ಏನಾದರೊಂದು ಹರಿದು ಕೊಡುವ ಅಭ್ಯಾಸ ಹೋಗಲಿಲ್ಲ. ಈಗ ಉಪದೇಶ ಹರಿದು ಕೊಡುತ್ತಾರೆ.

ಹೋಳೂರಿನ ಕದಿರೇಶ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಗಾರ. ಹುಟ್ಟಾ ಅಂಜುಬುರುಕ. ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸು ಓಡುವ ಜಾತಿ. ಮದುವೆಯಾಗಿ ಹದಿನೈದು ವರ್ಷವಾದರೂ ಹೆಂಡತಿ ಗಂಗಾಲಕ್ಷ್ಮಿಗೆ ಹೋಟೆಲಿನ ರೂಮು ಹೇಗಿರುತ್ತದೆಂದು ತೋರಿಸಿರಲಿಲ್ಲ. ಈ ಸಲ ಅವಳು ಹಟ ಹಿಡಿದಳು. ಊಟಿ ಅಂದಳು, ಘಾಟಿಯಲ್ಲಿ ತಿರುವು ಜಾಸ್ತಿ ಅಂದ. ಮೈಸೂರು ಅಂದಳು, ಜನ ಜಾಸ್ತಿ ಅಂದ. ಕೊನೆಗೆ ಅವನೇ ಅಳೆದು ಸುರಿದು ಮುಳಬಾಗಿಲನ್ನು ಆರಿಸಿದ.

"ಒಂದು ಗಂಟೆ ದಾರಿ ಮುಳಬಾಗಿಲಿಗೆ ಯಾರಾದ್ರೂ ಟೂರ್ ಹೋಗ್ತಾರೇನ್ರೀ?"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದೇ ಗಂಟೇಲಿ ಮನೆಗೆ ಬಂದ್ಬಿಡಬಹುದು ಕಣೇ."

ಇಲ್ಲದ ಮಾವನಿಗಿಂತ ಕುರುಡು ಮಾವ ಮೇಲೆಂದು ಗಂಗಾ ಒಪ್ಪಿಕೊಂಡಳು. ಶನಿವಾರ ಬೆಳಿಗ್ಗೆ ಇಬ್ಬರೂ ಮನೆಗೆ ಬೀಗ ಹಾಕುತ್ತಿದ್ದಾಗ ರಾಮಚಂದ್ರಪ್ಪನವರು ಮೊಬೈಲು ಹಿಡಿದುಕೊಂಡು ಬಂದರು.

"ಲೇ ಕದಿರೇಶ, ವೀಡಿಯೊ ನೋಡ್ದೇನೋ? ಹೋಟ್ಲು ರೂಮಲ್ಲಿ ಕನ್ನಡಿ ಹಿಂದೆ ಕ್ಯಾಮೆರಾ ಇಟ್ಟಿರ್ತಾರಂತೆ. ಮೇಲ್ಗಡೆ ಹೊಗೆ ಬಂದ್ರೆ ಕೂಗೋ ಡಬ್ಬಿ ಇರ್ತದಲ್ಲ, ಅದ್ರೊಳಗೂ ಇರ್ತದಂತೆ. ಬೀರುನಲ್ಲಿ ಲಾಕರ್ ಇದ್ರೆ ನಂಬಬೇಡ." ಅಷ್ಟರಲ್ಲಿ ಅವರ ಕಣ್ಣು ಗಂಗಾಳ ಕಿವಿಯ ಮೇಲೆ ಬಿತ್ತು. "ಏನಮ್ಮಾ, ಈ ಓಲೆ ಹಾಕ್ಕೊಂಡು ಹೋಗ್ತೀಯಾ? ಹೈವೇ ಅದು. ಓಲೆ ಜೊತೆ ಕಿವೀನೂ ಹೋಗ್ತದೆ."

ಗಂಗಾಳ ಕೈ ತಟ್ಟನೆ ಕಿವಿಗೆ ಹೋಯಿತು. ಏಳು ಕಲ್ಲಿನ ಪುಟ್ಟ ಓಲೆ. ಅವಳ ತಾಯಿ ಹಾಸಿಗೆ ಹಿಡಿದಾಗ ತಾನೇ ಬಿಚ್ಚಿ ಮಗಳ ಕಿವಿಗೆ ಹಾಕಿದ್ದು. ಆ ತಾಯಿಯದೆಂದು ಲೋಕದಲ್ಲಿ ಉಳಿದಿರುವುದು ಅದೊಂದೇ.

"ಹಂಗಾದ್ರೆ ಮನೇಲೇ ಇಟ್ಟು ಹೋಗ್ತೀನಿ," ಅಂದಳು.

"ಖಾಲಿ ಮನೇಲಾ? ಅದಿನ್ನೂ ಡೇಂಜರು," ಎಂದು ರಾಮಚಂದ್ರಪ್ಪನವರು ಆ ದಾರಿಯನ್ನೂ ಮುಚ್ಚಿದರು.

ಗಂಗಾ ಓಲೆಗಳನ್ನು ಬಿಚ್ಚಿ ಗಂಡನ ಕೈಗಿಟ್ಟಳು. "ಜೋಪಾನ ರೀ. ಇದು ಹೋದ್ರೆ ನಮ್ಮಮ್ಮ ಎರಡನೇ ಸಲ ಹೋದ ಹಾಗೆ."

ಕದಿರೇಶ ಅವನ್ನು ಅಂಗಿಯ ಜೇಬಿಗೆ ಸೇರಿಸಿ ಮೇಲೆ ಕೈ ಒತ್ತಿಕೊಂಡ. ರಾಮಚಂದ್ರಪ್ಪನವರು ಅವನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. "ದಿಂಬಿನ ಕೆಳಗೆ, ಬೂಟಿನೊಳಗೆ, ಫ್ಲಷ್ ಟ್ಯಾಂಕಲ್ಲಿ ಇಡಬೇಡ. ಕಳ್ಳ ಮೊದ್ಲು ಕೈ ಹಾಕೋದೇ ಅಲ್ಲಿ. ಅವನ ತಲೆಗೆ ಹೊಳೀದೇ ಇರೋ ಜಾಗ ಹುಡುಕು. ಎಲ್ಲಿಟ್ಟೆ ಅಂತ ಹೆಂಡ್ತಿಗೂ ಹೇಳ್ಬೇಡ. ಗಾಬರೀಲಿ ಅವಳು ಅದ್ರ ಕಡೆಗೇ ನೋಡ್ತಾ ಕೂತ್ಕೊಂಡ್ರೆ ಕಳ್ಳನಿಗೆ ದಾರಿ ತೋರಿಸಿದಂಗೆ."

ಮುಳಬಾಗಿಲಿನಲ್ಲಿ ಹೆದ್ದಾರಿ ಪಕ್ಕದ ಒಂದು ಹೋಟೆಲಿಗೆ ಹೋದರು. ಅದರ ಮ್ಯಾನೇಜರ್ ಚಂದ್ರಮೋಹನ್ ಆಂಧ್ರದ ಗಡಿಯ ನಂಗಲಿಯವನು. ಕನ್ನಡವನ್ನು ತೆಲುಗಿನ ರಾಗದಲ್ಲಿ ಮಾತಾಡುವ ಸಾಧು ಮನುಷ್ಯ. ಆಧಾರ್ ಕಾರ್ಡು ಕೇಳಿದ. ಕದಿರೇಶ ಅದರ ಮುಕ್ಕಾಲು ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ತೋರಿಸಿದ.

"ಬೆರಳು ತೆಗೀರಿ ಸಾಮಿ, ಹೆಸರೇ ಕಾಣಿಸ್ತಿಲ್ಲ," ಎಂದ ಚಂದ್ರಮೋಹನ್.

ರೂಮು ಇನ್ನೂರ ನಾಲ್ಕು. ಗಂಗಾ ಬಿಸಿನೀರಿನ ನಲ್ಲಿ ನೋಡಿ ಸಂತೋಷದಿಂದ ಸ್ನಾನಕ್ಕೆ ಹೋದಳು. ಕದಿರೇಶ ಕೆಲಸಕ್ಕೆ ಇಳಿದ. ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ, ಟಿವಿಗೆ ತನ್ನ ಪಂಚೆ. ಕುರ್ಚಿ ಹತ್ತಿ, ಮೇಲಿನ ಡಬ್ಬಿಯಲ್ಲಿ ಮಿಣುಕುತ್ತಿದ್ದ ಕೆಂಪು ದೀಪಕ್ಕೆ ಟೂತ್‌ಪೇಸ್ಟ್ ಮೆತ್ತಿದ. ಹೊರಗಡೆ ಯಾರೋ ಕೆಮ್ಮಿದರೆ ಕುರ್ಚಿಯ ಮೇಲೇ ನಡುಗಿದ. ಇನ್ನು ಓಲೆ. ದಿಂಬು, ಬೂಟು, ಟ್ಯಾಂಕು, ಎಲ್ಲವೂ ಕಳ್ಳರಿಗೆ ಗೊತ್ತಿರುವ ಜಾಗಗಳೇ. ಬೆವರು ಒರೆಸಿಕೊಳ್ಳುತ್ತಾ ಸುತ್ತ ನೋಡಿದ. ಮೇಜಿನ ಮೇಲೆ ಟಿಫಿನ್ ಕ್ಯಾರಿಯರ್ ಕಂಡಿತು.

ಹೊರಗಿನ ಊಟ ನಂಬಬಾರದೆಂದು ಬೆಳಿಗ್ಗೆ ಗಂಗಾಳ ಕೈಯಲ್ಲಿ ಅವನೇ ಮಾಡಿಸಿ ಕಟ್ಟಿಸಿಕೊಂಡಿದ್ದ ಮೂರು ರಾಗಿಮುದ್ದೆ ಅದರಲ್ಲಿದ್ದವು. ಕದಿರೇಶನ ಮುಖ ಅರಳಿತು. ಓಲೆಗಳ ತಿರುಪು ಬಿಗಿ ಮಾಡಿದ. ಒಂದು ಮುದ್ದೆಯಲ್ಲಿ ಬೆರಳಿನಿಂದ ಎರಡು ಗುಳಿ ತೋಡಿ, ಒಂದೊಂದರೊಳಗೆ ಒಂದೊಂದು ಓಲೆ ತಳ್ಳಿ, ಕೈ ಒದ್ದೆ ಮಾಡಿಕೊಂಡು ಮೇಲೆ ನುಣ್ಣಗೆ ಸವರಿದ. ಕಳ್ಳತನಕ್ಕೆ ಬಂದು ಮುದ್ದೆ ಮುರಿದು ನೋಡುವ ಕಳ್ಳ ಕೋಲಾರ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ತನ್ನ ಬುದ್ಧಿಗೆ ತಾನೇ ಮೆಚ್ಚಿದ.

ಸ್ನಾನ ಮುಗಿಸಿ ಬಂದ ಗಂಗಾ ರೂಮು ನೋಡಿ ನಿಂತುಬಿಟ್ಟಳು. "ಇದೇನ್ರೀ, ರೇಷ್ಮೆ ಹುಳು ಸಾಕೋ ಮನೆ ಥರ ಎಲ್ಲಾ ಮುಚ್ಚಿಟ್ಟಿದ್ದೀರಾ? ಓಲೆ ಎಲ್ಲಿ?"

"ಭದ್ರವಾಗಿದೆ. ಕೇಳ್ಬೇಡ."

ಅವನು ಆಟೋ ಹಿಡಿಯಲು ಕೆಳಗಿಳಿದ. ಅವಳು ಐದು ನಿಮಿಷ ಬಿಟ್ಟು ಬೀಗ ಹಾಕಿಕೊಂಡು ಬಂದಳು. ಕುರುಡುಮಲೆಯಲ್ಲಿ ಅಷ್ಟೆತ್ತರದ ಗಣಪನ ಮುಂದೆ ಕೈಮುಗಿದು ನಿಂತರೂ ಕದಿರೇಶನ ಮನಸ್ಸು ಟಿಫಿನ್ ಕ್ಯಾರಿಯರಿನಲ್ಲಿತ್ತು. ನೈವೇದ್ಯದ ಕಡುಬು ಕೂಡ ಅವನಿಗೆ ಮುದ್ದೆಯಂತೆ ಕಂಡಿತು.

ವಾಪಸು ಬಂದಾಗ ಎರಡು ಗಂಟೆ ದಾಟಿತ್ತು. ಗಂಗಾ ಅವನನ್ನು ನೇರವಾಗಿ ಕೆಳಗಿನ ಊಟದ ಹಾಲಿಗೆ ನಡೆಸಿದಳು.

"ಮೇಲೆ ಮುದ್ದೆ ಇದೆಯಲ್ಲೇ."

"ಅದ್ರ ಮಾತು ಆಮೇಲೆ. ಈಗ ಇಲ್ಲೇ ಊಟ."

ಅದೂ ಒಳ್ಳೆಯದೇ ಅನ್ನಿಸಿತು ಅವನಿಗೆ. ಮೇಲಿನ ಮುದ್ದೆಯನ್ನು ಯಾರೂ ಮುಟ್ಟದಿರುವುದೇ ಕ್ಷೇಮ. ಗಂಗಾ ಬಿರಿಯಾನಿ ಹೇಳಿದಳು. ಕದಿರೇಶನಿಗೆ ಮೆನು ಓದಿದಷ್ಟೂ ಭಯ. ಯಾವುದರಲ್ಲಿ ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು. ಕುದಿಯುವ ನೀರಲ್ಲಿ ಬೆಂದ ಮುದ್ದೆಯಾದರೆ ಮೋಸವಿಲ್ಲವೆಂದು ಅದನ್ನೇ ಕೇಳಿದ.

"ಮುದ್ದೆ ಖಾಲಿ ಸಾರ್," ಎಂದ ಸಪ್ಲೈಯರ್.

"ಮುದ್ದೆ ಇಲ್ದೆ ನಾನು ಊಟ ಮಾಡಲ್ಲಪ್ಪ," ಎಂದು ಕದಿರೇಶ ಕೈಕಟ್ಟಿ ಕೂತ.

ಸಪ್ಲೈಯರ್ ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಹೊಗೆಯಾಡುವ ಮುದ್ದೆ, ಅವರೆಕಾಳು ಸಾರು ತಂದಿಟ್ಟ. ಬೆಳಿಗ್ಗೆಯಿಂದ ಹೆದರಿ ಹೆದರಿ ಹಸಿದಿದ್ದ ಕದಿರೇಶ ದೊಡ್ಡ ದೊಡ್ಡ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಗುಳುಂ ಗುಳುಂ ಎಂದು ನುಂಗಿದ. ಮಧ್ಯೆ ಎರಡು ಸಲ ನೀರು ಕುಡಿದ.

"ಗಂಟು ಐತೆ ಕಣೇ. ನಿನ್ನ ಕೈ ಮುದ್ದೆ ಥರ ಇಲ್ಲ."

"ಹೋಟ್ಲು ಮುದ್ದೆ ಅಂದ್ರೆ ಹಂಗೇ ರೀ," ಎಂದು ಗಂಗಾ ಹೆಮ್ಮೆಯಿಂದ ನಕ್ಕಳು.

ರೂಮಿಗೆ ಬಂದವನೇ ಟಿಫಿನ್ ಕ್ಯಾರಿಯರ್ ಎತ್ತಿದ. ಹಗುರವಾಗಿತ್ತು. ಮುಚ್ಚಳ ತೆಗೆದ. ಖಾಲಿ. ಬೋರಲು ಹಾಕಿ ತಟ್ಟಿ ನೋಡಿದ.

"ಕಳ್ಳ ಬಂದಿದ್ದ ಕಣೇ."

"ಅಯ್ಯೋ, ಏನು ಹೋಗಿದೆ?"

"ಮುದ್ದೆ."

ಗಂಗಾ ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಯಾವ ಕಳ್ಳಾನೂ ಬಂದಿಲ್ಲ. ಕಸ ಗುಡಿಸೋಕೆ ರಾಮಲಕ್ಷ್ಮಮ್ಮ ಅಂತ ಒಬ್ರು ಬಂದಿದ್ರು, ಅವ್ರಿಗೆ ಕೊಟ್ಬಿಟ್ಟೆ. ಹದಿನೈದು ವರ್ಷಕ್ಕೊಂದ್ಸಲ ಹೋಟ್ಲಿಗೆ ಬಂದು ನಾನು ಬೇಯ್ಸಿದ್ದನ್ನ ನಾನೇ ತಿನ್ಬೇಕಾ?" ಹಾಗೆಯೇ ನಗು ನಿಲ್ಲಿಸಿ ಕೇಳಿದಳು. "ಓಲೆ ಇದೆ ತಾನೇ?"

"ಇದೆ," ಎಂದ ಕದಿರೇಶ. ನೀರು ತರುತ್ತೇನೆಂದು ಹೊರಗೆ ಓಡಿದ.

ರಾಮಲಕ್ಷ್ಮಮ್ಮ ಮೆಟ್ಟಿಲು ಒರೆಸುತ್ತಿದ್ದಳು. "ನಿಮ್ಮಾಕೆ ಕೊಟ್ಟ ಮುದ್ದೆ ಶಾನಾ ಬಾಗುಂಡೆ ಸಾಮಿ, ಬೆಣ್ಣೆ ಇದ್ದಂಗಿತ್ತು," ಎಂದಳು.

"ಹಲ್ಲಿಗೇನೂ ಸಿಗಲಿಲ್ವಾ?"

"ಮುದ್ದೆಗೆ ಹಲ್ಲು ಯಾಕೆ ಸಾಮಿ? ನುಂಗಿದೆ."

"ಮೂರೂನಾ?"

"ನಾನೊಂದು ತಿಂದೆ. ಇನ್ನೆರಡು ಮ್ಯಾನೇಜರ್ ಸಾರಿಗೆ ಕೊಟ್ಟೆ. ಪಾಪ, ದಿನಾ ಅನ್ನ ತಿಂದು ಸಾಕಾಗಿರ್ತಾರೆ."

ಕದಿರೇಶನಿಗೆ ಈಗ ಹೊಸ ಭಯ ಹತ್ತಿತು. ಇಷ್ಟು ಹೊತ್ತು ಓಲೆ ಹೋಗುತ್ತದೆಂಬ ಭಯವಿತ್ತು; ಈಗ ಯಾರದೋ ಪ್ರಾಣವೇ ಹೋದರೆ? ಏಳು ಕಲ್ಲಿನ ಓಲೆ, ಅದರ ಮೇಲೆ ತಿರುಪು, ಯಾರ ಕರುಳಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೋ. ಕೈಗೆ ಬೇಡಿ ಹಾಕಿಸಿಕೊಂಡು ಹೋಳೂರಿನ ಬಸ್‌ಸ್ಟಾಪಿನಲ್ಲಿ ಇಳಿಯುತ್ತಿರುವಂತೆ ಅವನಿಗೆ ಕಣ್ಣಿಗೆ ಕಟ್ಟಿತು. ಒಂದೇ ಉಸಿರಿಗೆ ಕೌಂಟರಿಗೆ ಓಡಿದ.

"ಮ್ಯಾನೇಜರ್ ಸಾರ್, ಮುದ್ದೆ ತಿಂದ್ರಾ?"

"ತಿಂದೆ ಸಾಮಿ."

"ಎರಡೂ?"

ಚಂದ್ರಮೋಹನ್ ರಿಜಿಸ್ಟರಿನ ಕಡೆ ನೋಡಿದ. "ಹೂಂ, ಎರಡೂ."

"ಹೊಟ್ಟೆ ಹೆಂಗಿದೆ? ನೋವು? ಉರಿ? ತಲೆ ಏನಾದ್ರೂ ಸುತ್ತುತ್ತಾ?"

ಚಂದ್ರಮೋಹನನ ಪೆನ್ನು ನಿಂತಿತು. ಅವನ ಮೊಬೈಲಿಗೂ ಒಂದು ವೀಡಿಯೊ ಬಂದಿತ್ತು. ಗಂಡಹೆಂಡಿರಂತೆ ರೂಮು ಮಾಡಿ, ಹೋಟೆಲಿನವರಿಗೆ ತಿಂಡಿ ಕೊಟ್ಟು, ಮೂರ್ಛೆ ಬೀಳಿಸಿ ದೋಚುವವರ ಬಗ್ಗೆ. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಹಿಂದೆಯೇ ಬಂದು, ಇನ್ನೂರ ನಾಲ್ಕರಲ್ಲಿ ಕನ್ನಡಿಗೆಲ್ಲ ಬಟ್ಟೆ ಮುಚ್ಚಿದ್ದಾರೆಂದೂ, ಹೊಗೆ ಡಬ್ಬಿಗೆ ಬಿಳೀದೇನೋ ಬಳಿದಿದ್ದಾರೆಂದೂ ವರದಿ ಒಪ್ಪಿಸಿದಳು. ಚಂದ್ರಮೋಹನ್ ನಿಧಾನವಾಗಿ ಕುರ್ಚಿಗೆ ಕುಸಿದ.

"ನಿಜ ಹೇಳಿ ಸಾಮಿ, ಮುದ್ದೆಗೆ ಏನು ಹಾಕಿದ್ರಿ? ನಂಗೆ ಇಬ್ರು ಚಿಕ್ಕ ಮಕ್ಕಳಿದ್ದಾರೆ."

"ನಂಗೂ ಕಣ್ಣು ಕತ್ಲೆ ಬರ್ತೈತೆ," ಎಂದು ರಾಮಲಕ್ಷ್ಮಮ್ಮ ಬಕೆಟ್ಟಿನ ಪಕ್ಕದಲ್ಲೇ ಕೂತಳು.

ಚಂದ್ರಮೋಹನ್ ಫೋನೆತ್ತಿದ. "ಪೊಲೀಸ್‌ನೋರಿಗೆ ಹೇಳ್ತೀನಿ."

ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕದಿರೇಶನ ಬಾಯಿ ತಾನಾಗಿ ತೆರೆಯಿತು. "ಓಲೆ ಹಾಕಿದ್ದೆ. ನನ್ನ ಹೆಂಡ್ತಿ ಓಲೆ."

ಮೆಟ್ಟಿಲಿನ ಮೇಲೆ ಗಂಗಾ ನಿಂತಿದ್ದಳು. ಅವಳು ಬೈಯಲಿಲ್ಲ, ಕೂಗಲಿಲ್ಲ. "ನಮ್ಮಮ್ಮನ ಓಲೆನ ಮುದ್ದೇಲಿ ಇಟ್ರಾ?" ಎಂದಷ್ಟೇ ಕೇಳಿ, ಬರಿದಾದ ಕಿವಿಯನ್ನು ಮುಟ್ಟಿಕೊಂಡು ಅಳತೊಡಗಿದಳು. ಕ್ಯಾಮೆರಾ, ಕಳ್ಳ, ಪೊಲೀಸು ಎಲ್ಲಕ್ಕೂ ಹೆದರಿದ್ದ ಕದಿರೇಶ ನಿಜವಾಗಿ ಹೆದರಿದ್ದು ಆಗಲೇ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ ಅವನಿಗೆ.

ನಾಲ್ವರೂ ಒಂದೇ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೋದರು. ದಾರಿಯುದ್ದಕ್ಕೂ ಆಟೋ ಎಗರಿದಾಗಲೆಲ್ಲ ಚಂದ್ರಮೋಹನ್ ಹೊಟ್ಟೆ ಹಿಡಿದುಕೊಂಡು ದೇವರನ್ನು ಕರೆದ. ಡಾಕ್ಟರಮ್ಮ ಕತೆ ಕೇಳಿ ನಗು ತಡೆದುಕೊಂಡು ಇಬ್ಬರಿಗೂ ಎಕ್ಸ್‌ರೇ ಬರೆದರು. ಮೊದಲು ರಾಮಲಕ್ಷ್ಮಮ್ಮನದು ಬಂತು, ಆಮೇಲೆ ಚಂದ್ರಮೋಹನನದು.

"ಇಬ್ರ ಹೊಟ್ಟೇಲೂ ಏನೂ ಇಲ್ಲ," ಎಂದರು ಡಾಕ್ಟರಮ್ಮ.

ಗಂಗಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದನ್ನು ನೋಡಿ ಕದಿರೇಶನಿಗೆ ಜನ್ಮದಲ್ಲಿ ಮೊದಲ ಸಲ ಸಿಟ್ಟು ಭಯವನ್ನು ಮೀರಿತು. ಮ್ಯಾನೇಜರ್ ಕಡೆ ಬೆರಳು ತೋರಿಸಿದ. "ಎರಡು ಮುದ್ದೆ ತಿಂದೆ ಅಂದ್ರಿ. ತಿಂದಿದ್ರೆ ಹೊಟ್ಟೇಲಿ ಇರ್ಬೇಕಿತ್ತು. ಓಲೆ ನೀವೇ ತೆಗೆದಿಟ್ಕೊಂಡಿದ್ದೀರಿ."

"ಕಳ್ಳ ಅನ್ಬೇಡಿ ಸಾಮಿ." ಚಂದ್ರಮೋಹನನ ಮುಖ ಚಿಕ್ಕದಾಯಿತು. "ನಿಜ ಹೇಳ್ಬಿಡ್ತೀನಿ. ನಾನು ತಿಂದಿದ್ದು ಒಂದೇ. ಎರಡು ಗಂಟೆ ಮೇಲೆ ಯಾರೋ ಗೆಸ್ಟು ಮುದ್ದೆ ಇಲ್ದೆ ಊಟ ಮಾಡಲ್ಲ ಅಂತ ಕೈಕಟ್ಟಿ ಕೂತ್ಬಿಟ್ರಂತೆ. ಅಡುಗೆಮನೇಲಿ ಖಾಲಿ. ಮಿಕ್ಕಿದ್ದೊಂದನ್ನ ಬಿಸಿ ಮಾಡಿ ಕೊಟ್ಬಿಡು ಅಂದೆ. ಬಿಟ್ಟಿ ಬಂದ ಮುದ್ದೆಗೆ ಬಿಲ್ ಹಾಕ್ದೆ ಅಂತ ನಾಚಿಕೆಯಾಗಿ ಬಾಯಿ ಬಿಡಲಿಲ್ಲ."

ಕದಿರೇಶನ ಬೆರಳು ಮೆಲ್ಲಗೆ ಕೆಳಗಿಳಿದು ತನ್ನ ಹೊಟ್ಟೆಯ ಮೇಲೆ ಬಂದು ನಿಂತಿತು. ಗಂಗಾ ಸೆರಗು ಸರಿಸಿ ಅವನನ್ನು ನೋಡಿದಳು.

"ಗಂಟು ಐತೆ ಅಂದ್ರಲ್ಲ ರೀ," ಎಂದಳು.

ಮೂರನೆಯ ಎಕ್ಸ್‌ರೇಯನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದರು. ಕದಿರೇಶನ ಹೊಟ್ಟೆಯ ಎಡಭಾಗದಲ್ಲಿ ಎರಡು ಓಲೆಗಳೂ ಅಕ್ಕಪಕ್ಕದಲ್ಲಿ ಜೋಡಿಯಾಗಿ ಕೂತಿದ್ದವು. ತಿರುಪು ಬಿಗಿಯಾಗಿರುವುದರಿಂದ ಅಪಾಯವಿಲ್ಲ, ಎರಡು ಮೂರು ದಿನದಲ್ಲಿ ತಾನಾಗಿ ಬರುತ್ತದೆ, ಅಲ್ಲಿಯವರೆಗೆ ಬಸ್ಸು ಹತ್ತಬಾರದು, ಪ್ರತಿ ಸಲವೂ ಮರೆಯದೆ ಪರೀಕ್ಷಿಸಬೇಕು ಎಂದರು. ಏನು ಊಟ ಕೊಡಬೇಕೆಂದು ಗಂಗಾ ಕೇಳಿದಳು. ಸೊಪ್ಪು, ಬಾಳೆಹಣ್ಣು, ಮೂರು ಹೊತ್ತೂ ಮುದ್ದೆ ಎಂಬ ಉತ್ತರ ಬಂತು.

ಹೀಗೆ ಇನ್ನೂರ ನಾಲ್ಕು ಇನ್ನೂ ಮೂರು ದಿನ ಅವರದೇ ಆಯಿತು. ಗಂಗಾ ಕಣ್ಣೊರೆಸಿಕೊಂಡು ಕನ್ನಡಿಯ ಬೆಡ್‌ಶೀಟ್ ಕಿತ್ತು ಹಾಕಿ ತಲೆ ಬಾಚಿಕೊಂಡಳು, ರಾತ್ರಿಗೆ ಬಿರಿಯಾನಿ ಹೇಳಿದಳು, ನಾಳೆ ರಾಮಲಕ್ಷ್ಮಮ್ಮನ ಜೊತೆ ಆವಣಿ ಬೆಟ್ಟ ನೋಡಿಬರುವುದೆಂದು ನಿಶ್ಚಯಿಸಿದಳು. ಬಾತ್‌ರೂಮಿನ ಚಿಲಕವನ್ನು ಮಾತ್ರ ಸ್ಕ್ರೂಡ್ರೈವರ್ ತರಿಸಿ ಬಿಚ್ಚಿಸಿದಳು. ಯಾರೋ ಕದ್ದು ನೋಡುತ್ತಾರೆಂದು ಬೆಳಿಗ್ಗೆಯೆಲ್ಲ ನಡುಗಿದ್ದ ಕದಿರೇಶನಿಗೆ ಈಗ ಬಾಗಿಲ ಹೊರಗೆ ಗಂಗಾ, ರಾಮಲಕ್ಷ್ಮಮ್ಮ ಇಬ್ಬರದೂ ಕಾವಲು.

ಸಂಜೆ ಏಳಕ್ಕೆ ರಾಮಚಂದ್ರಪ್ಪನವರ ಫೋನು ಬಂತು.

"ಲೇ ಕದಿರೇಶ, ಓಲೆ ಭದ್ರವಾಗಿದೆಯೇನೋ?"

"ಐತೆ ಅಣ್ಣಾ."

"ಕಳ್ಳನ ತಲೆಗೆ ಹೊಳೀದೇ ಇರೋ ಜಾಗದಲ್ಲೇ ಇಟ್ಟಿದ್ದೀಯಾ?"

"ಹೂಂ ಅಣ್ಣಾ. ನಂಗೇ ಹೊಳೆದಿರಲಿಲ್ಲ."

"ಭಲೇ. ಎಲ್ಲಿ ಅಂತ ನಂಗೊಬ್ಬನಿಗೆ ಹೇಳೋ. ನಾಲ್ಕು ಜನಕ್ಕೆ ಕಳಿಸ್ತೀನಿ, ಉಪಯೋಗ ಆಗ್ಲಿ."

ಕದಿರೇಶ ಬಾಯಿ ತೆರೆಯುವಷ್ಟರಲ್ಲಿ ಬಾತ್‌ರೂಮಿನ ಬಾಗಿಲ ಆಚೆಯಿಂದ ಗಂಗಾಳ ದನಿ ಬಂತು.

"ರೀ, ಆ ಫೋನ್ ಇಟ್ಟು ಕೂತಿರೋ ಕೆಲಸ ನೋಡಿ."