ದಯವಿಟ್ಟು ಎಂದ ಪೊಲೀಸು

ಕಾನ್‌ಸ್ಟೇಬಲ್ ಚಿಕ್ಕಸ್ವಾಮಿಯ ಗ್ರಹಚಾರ ಕೆಟ್ಟದ್ದು ಇಪ್ಪತ್ತನಾಲ್ಕು ಪುಟದ ಒಂದು ಹಸಿರು ಪುಸ್ತಕದಿಂದ.

ಅದನ್ನು ಅಚ್ಚು ಹಾಕಿಸಿದ್ದು ‘ಪೊಲೀಸ್ ಸೌಜನ್ಯವರ್ಧಕ ಸಂಘ’. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಪೊಲೀಸರು ಸೇರಿ ತೊಂಬತ್ತೈದರಲ್ಲಿ ಕಟ್ಟಿಕೊಂಡ ಸಂಘ. ಪೊಲೀಸರು ಜನರನ್ನು ಮನುಷ್ಯರಂತೆ ಕಾಣಬೇಕು ಎಂಬುದು ಅದರ ಧ್ಯೇಯ. ಅದುವರೆಗೆ ಏನೆಂದು ಕಾಣುತ್ತಿದ್ದರು ಎಂಬುದನ್ನು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಅಧ್ಯಕ್ಷರು ನಿವೃತ್ತ ಡಿವೈಎಸ್‌ಪಿ ರಘುನಂದನ್. ಸೇವೆಯಲ್ಲಿದ್ದಾಗ ಅವರ ಕೈಗೆ ಸಿಕ್ಕವರು ತಿಂಗಳುಗಟ್ಟಲೆ ಬೋರಲು ಮಲಗುತ್ತಿದ್ದರಂತೆ. ಮಾನವೀಯತೆ ಅವರಿಗೆ ಪಿಂಚಣಿಯ ಜೊತೆಯಲ್ಲೇ ಮಂಜೂರಾಗಿತ್ತು.

ಮರುವರ್ಷ ಪಾಂಡವಪುರದ ಕಲ್ಯಾಣ ಮಂಟಪದಲ್ಲಿ ಸಂಘದ ವಾರ್ಷಿಕೋತ್ಸವ. ಬೆಂಗಳೂರಿನ ದೊಡ್ಡ ಸಾಹೇಬರೊಬ್ಬರು ಮುಖ್ಯ ಅತಿಥಿ. ಅದೇ ದಿನ ಪ್ರತಿ ಠಾಣೆಯಿಂದ ಒಬ್ಬ ಪೇದೆ ಒಂದು ಹಳ್ಳಿಗೆ ಹೋಗಿ, ಸಂಜೆಯವರೆಗೆ ಪುಸ್ತಕದಲ್ಲಿದ್ದಂತೆ ನಡೆದುಕೊಂಡು, ಹತ್ತು ಜನರಿಂದ ಮೆಚ್ಚುಗೆಯ ರುಜು ತರಬೇಕೆಂದು ಗೊತ್ತಾಯಿತು. ಹೊಸಕಟ್ಟೆ ಠಾಣೆಯಲ್ಲಿ ಒಬ್ಬನಿಗೆ ಸೊಂಟ ಹಿಡಿಯಿತು, ಇನ್ನೊಬ್ಬನ ಅತ್ತೆಗೆ ಸೀರಿಯಸ್ಸಾಯಿತು. ‘ಈ ವಯಸ್ನಾಗೆ ನಾಲ್ಗೆ ತಿರುಗಾಕಿಲ್ಲ ಕಣ್ರಪ್ಪಾ’ ಎಂದು ಹೆಡ್ ಕಾನ್‌ಸ್ಟೇಬಲ್ ಹೊನ್ನಪ್ಪ ಟೆಲಿಫೋನಿನ ಪಕ್ಕದಿಂದ ಏಳಲೇ ಇಲ್ಲ. ಉಳಿದವನು ಚಿಕ್ಕಸ್ವಾಮಿ. ಆ ಠಾಣೆಗೆ ಬಂದು ಹದಿನೈದು ದಿನವಾಗಿತ್ತು. ಊರಿನವರಿಗಿರಲಿ, ಠಾಣೆಯ ನಾಯಿಗೂ ಅವನ ಗುರುತು ಹತ್ತಿರಲಿಲ್ಲ.

ಪುಸ್ತಕ ಕೊಡಲು ಬೆಳಿಗ್ಗೆ ರಘುನಂದನ್ ಅವರೇ ಠಾಣೆಗೆ ಬಂದರು.

“ಜನಕ್ಕೆ ಮರ್ಯಾದೆ ಕೊಟ್ಟು ಮಾತಾಡ್ಬೇಕು ಕಣೋ, ಕತ್ತೆ! ಲಾಠಿ ಮುಟ್ಟಂಗಿಲ್ಲ. ಎಲ್ಲಾರ್ಗೂ ಬಹುವಚನ. ದಯವಿಟ್ಟು ಅನ್ಬೇಕು. ಒಂದೇ ಒಂದು ಕೆಟ್ಟ ಮಾತು ನಿನ್ ಬಾಯಿಂದ ಬಂತೂಂತ ಗೊತ್ತಾಗ್ಲಿ, ನಿಂತ ಕಾಲಲ್ಲೇ ಸಸ್ಪೆಂಡ್ ಮಾಡಿಸ್ತೀನಿ. ತಿಳೀತೇನೋ, ಬೇಕೂಫ?”

“ತಿಳೀತು ಸಾರ್.”

“ಚೆನ್ನಾಗ್ ಮಾಡಿದ್ರೆ ನಿನ್ ಊರ್ ಕಡೇಗೆ ವರ್ಗ. ಹೋಗ್ ಸಾಯಿ.”

ಚಿಕ್ಕಸ್ವಾಮಿಯ ಹೆಂಡತಿ ಬೈರಮ್ಮ ಎರಡು ಮಕ್ಕಳ ಜೊತೆ ದೂರದ ಅವನ ಊರಿನಲ್ಲಿದ್ದಳು. ಹನ್ನೊಂದು ವರ್ಷದಿಂದ ಅವನು ಹೋಟೆಲಿನ ಸಾಂಬಾರು ಉಂಡು ಉಂಡು ಬಣ್ಣಗೆಟ್ಟಿದ್ದ. ವರ್ಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪುಸ್ತಕವನ್ನು ಎದೆಗವಚಿಕೊಂಡು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಹುಣಸೆಮರಗಳಿಗೆ ‘ನಮಸ್ಕಾರ ಸ್ವಾಮಿ, ದಯವಿಟ್ಟು ಸ್ವಾಮಿ’ ಎನ್ನುತ್ತಾ ಮೇಲುಕೋಟೆ ರಸ್ತೆಯ ಹೊಂಗೆಕೊಪ್ಪಲು ತಲುಪಿದಾಗ ಗಂಟೆ ಒಂಬತ್ತು.

ಮೊದಲು ಸಿಕ್ಕಿದ್ದು ಚಿಕ್ಕಬೋರಮ್ಮನ ಟೀ ಅಂಗಡಿ. ಖಾಕಿ ಕಂಡ ಕೂಡಲೇ ಬೆಂಚಿನ ಮೇಲಿದ್ದವರೆಲ್ಲ ಕಲ್ಲು ಬಿದ್ದ ನೀರಿನ ಕಪ್ಪೆಗಳಂತೆ ಎದ್ದು ನಿಂತರು.

“ದಯವಿಟ್ಟು ಕೂತ್ಕೊಳಿ. ನಾನು ನಿಮ್ಮ ಸೇವಕ,” ಎಂದ ಚಿಕ್ಕಸ್ವಾಮಿ.

ಯಾರೂ ಕೂರಲಿಲ್ಲ. ಅವನು ಟೀ ಕುಡಿದ. ಲೋಟವನ್ನು ತಾನೇ ತೊಳೆದಿಟ್ಟ. ಆಮೇಲೆ ಆ ಅಂಗಡಿಯ ಚರಿತ್ರೆಯಲ್ಲೇ ಯಾವ ಪೊಲೀಸೂ ಮಾಡದ ಕೆಲಸ ಮಾಡಿದ: ಟೀಗೆ ದುಡ್ಡು ಕೊಟ್ಟ.

ಚಿಕ್ಕಬೋರಮ್ಮ ಆ ನಾಣ್ಯವನ್ನು ಮುಟ್ಟದೆ ಚೇಳನ್ನು ನೋಡುವಂತೆ ನೋಡಿದಳು. ಅವನು ಅತ್ತ ಹೋದ ಮೇಲೆ ಮಾಜಿ ಪಂಚಾಯ್ತಿ ಮೆಂಬರ್ ಶಿವಣ್ಣನನ್ನು ಕರೆದಳು. ಮೆಂಬರಗಿರಿ ಹೋದ ಮೇಲೆ ಶಿವಣ್ಣನಿಗೆ ಕಂಡವರ ವಿಚಾರ ಬಿಟ್ಟರೆ ಬೇರೆ ಕಸುಬಿರಲಿಲ್ಲ.

“ಶಿವಣ್ಣಾ, ಯಾಕೋ ನಂಗೆ ಎದೆ ಡವಗುಟ್ತಾ ಅದೆ. ಟೀ ಕುಡ್ದು ಕಾಸ್ ಕೊಟ್ಬುಟ್ಟ ಕಣಪ್ಪಾ!”

“ಕಾಸ್ ಕೊಟ್ನಾ?” ಶಿವಣ್ಣ ಬೀಡಿ ಕೆಳಗಿಟ್ಟ. “ಒಟ್ಟೆನೂ ಇಲ್ಲ, ಲಾಠಿನೂ ಇಲ್ಲ. ಏನೋ ಅದೆ ಬುಡು ಇದ್ರಾಗೆ.”

ಅಷ್ಟರಲ್ಲಿ ಚಿಕ್ಕಸ್ವಾಮಿ ಸರ್ದಾರ್ ಪಾಷಾನ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದ. ಅಂಗಡಿಯ ತಗಡು ಎರಡಡಿ ರಸ್ತೆಗೆ ಚಾಚಿತ್ತು. ಬೇರೆ ದಿನವಾಗಿದ್ದರೆ ಅದಕ್ಕೊಂದು ಒದೆ ಸಾಕಾಗುತ್ತಿತ್ತು. ಅವನು ಕೈ ಜೋಡಿಸಿದ.

“ಸಾಹೇಬರೇ, ತಮ್ಮ ತಗಡು ಸ್ವಲ್ಪ ಮುಂದೆ ಬಂದಿದೆ. ತಮಗೆ ಅನುಕೂಲವಾದಾಗ, ದಯವಿಟ್ಟು, ಹಿಂದಕ್ಕೆ ತಗೋಬಹುದಾ?”

ಪಾಷಾನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಅವನ ಕಾಲ ಮೇಲೇ ಬಿತ್ತು. ಅದರ ನೋವೂ ಅವನಿಗೆ ತಿಳಿಯಲಿಲ್ಲ.

“ಯಾ ಅಲ್ಲಾ! ಸಾಬ್, ನಾನು ಬಾಲ್‌ಬಚ್ಚೇವಾಲ, ಮಕ್ಳೊಂದಿಗ. ನನ್ ಮೇಲೆ ಏನ್ ಕೇಸು ಈಗ್ಲೇ ಹೇಳ್ಬುಡಿ. ಬೇಕಾದ್ರೆ ಎರಡೇಟು ಹೊಡೀರಿ ಸಾಬ್, ಆದ್ರೆ ಹಿಂಗೆ ಮಾತ್ರ ಮಾತಾಡ್ಬೇಡಿ!”

“ಅಯ್ಯೋ, ಹೊಡೆಯೋದಾ? ತಪ್ಪು ತಪ್ಪು. ತಾವು ಗೌರವಾನ್ವಿತ ನಾಗರಿಕರು.”

ಗೌರವಾನ್ವಿತ ಎಂಬ ಮಾತು ಕೇಳಿ ಪಾಷಾ ಅಂಗಡಿಯನ್ನು ಹಾಗೆಯೇ ಬಿಟ್ಟು ಶಿವಣ್ಣನ ಕಡೆ ಓಡಿದ.

ಪುಸ್ತಕದ ಒಂಬತ್ತನೆಯ ನಿಯಮ, ವಯಸ್ಸಾದವರ ಹೊರೆಗೆ ಹೆಗಲು ಕೊಡಿ ಎನ್ನುತ್ತಿತ್ತು. ಮುದುಕಿ ಸೋಮಮ್ಮ ಕೋಳಿಯ ಕುಕ್ಕೆ ಹೊತ್ತು ಎದುರಿಗೆ ಬಂದಳು. ಚಿಕ್ಕಸ್ವಾಮಿ ಓಡಿ ಹೋಗಿ, “ಕೊಡಿ ಅಮ್ಮಾ, ನಾನು ತರ್ತೀನಿ,” ಎಂದು ಕುಕ್ಕೆಗೆ ಕೈಹಾಕಿದ.

“ಕಳ್ಳಾ! ಕೋಳಿ ಕಳ್ಳಾ! ಬನ್ರಪ್ಪೋ!”

ಕ್ಷಣದಲ್ಲಿ ಅರ್ಧ ಊರು ಸೇರಿತು. “ಅಮ್ಮೋ, ಅವ್ರು ಪೊಲೀಸು,” ಎಂದು ಯಾರೋ ಸಮಾಧಾನ ಹೇಳಿದರು.

“ಯಾವ್ ಪೊಲೀಸ್ಲಾ? ಪೊಲೀಸ್ನೋನಾಗಿದ್ರೆ ಕೇಳ್ದೇನೇ ಎತ್ಕಂಡ್ ಓಯ್ತಿದ್ದ. ಇವ್ನು ಕೊಡಿ ಅಮ್ಮಾ ಅಂತಾವ್ನೆ!”

ಮುದುಕಿಯ ಮಾತು ಎಲ್ಲರಿಗೂ ಸರಿಯಾಗಿ ಕಂಡಿತು. ಶಿವಣ್ಣ ಮುಂದೆ ಬಂದು ಚಿಕ್ಕಸ್ವಾಮಿಯನ್ನು ಮೇಲಿನಿಂದ ಕೆಳಗೆ ಅಳೆದ.

“ಯಾರ್ ನೀನು?”

“ನಾನು ಹೊಸಕಟ್ಟೆ ಠಾಣೆ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ. ನೋಡಿ ಸ್ವಾಮಿ, ನನ್ನ ಕಾರ್ಡು.”

“ನೋಡ್ರಲಾ, ಕಾರ್ಡ್ ತೋರುಸ್ತಾವ್ನೆ!” ಶಿವಣ್ಣ ಗೆದ್ದವನಂತೆ ಜನರ ಕಡೆ ತಿರುಗಿದ. “ಯಾರ್ ನೀನು ಅಂತ ಕೇಳುದ್ರೆ ಯಾವ್ ಪೊಲೀಸ್ನೋನ್ಲಾ ಕಾರ್ಡ್ ತೋರ್ಸೋದು? ಕಪಾಳಕ್ ಬುಟ್ಟು ತೋರ್ಸಾಕಿಲ್ವಾ? ಇವ್ನು ನಕ್ಲಿ. ಕಟ್ರಲಾ ಕಂಬಕ್ಕೆ!”

ಬಾವಿಯ ಹಗ್ಗ ಬಂತು. ಪಂಚಾಯ್ತಿ ಕಚೇರಿಯ ಮುಂದಿನ ಕಂಬಕ್ಕೆ ಚಿಕ್ಕಸ್ವಾಮಿಯನ್ನು ರಾಗಿ ಹುಲ್ಲಿನ ಹೊರೆಯಂತೆ ಬಿಗಿದರು. ಅವನ ನಾಲಗೆಯ ತುದಿಗೆ ಏನೇನೋ ಬಂತು. ಬೈರಮ್ಮನ ಮುಖ ನೆನೆದು ನುಂಗಿಕೊಂಡ.

“ದಯವಿಟ್ಟು ಸ್ವಲ್ಪ ಸಡಿಲ ಮಾಡ್ತೀರಾ, ಸ್ವಾಮಿ?”

ಹಗ್ಗ ಇನ್ನೊಂದು ಸುತ್ತು ಬಿಗಿಯಿತು.

“ತಮ್ಮಲ್ಲಿ ಕೈಮುಗಿದು ಕೇಳ್ಕೋತೀನಿ...”

“ಕೇಳುದ್ರಾ, ಕೈ ಕಟ್ಟಿದ್ರೂ ಮುಗೀತೀನಿ ಅಂತಾವ್ನೆ, ಎಂಥಾ ಖದೀಮ!” ಎಂದು ಇನ್ನೊಂದು ಗಂಟು ಬಿತ್ತು. ಅವನ ಒಂದೊಂದು ದಯವಿಟ್ಟಿಗೂ ಒಂದೊಂದು ಗಂಟು ಏರುತ್ತಾ ಹೋಯಿತು.

ಶಿವಣ್ಣ ಎಸ್‌ಟಿಡಿ ಬೂತಿಗೆ ಹೋಗಿ ಠಾಣೆಗೆ ಫೋನ್ ಮಾಡಿದ. ಎತ್ತಿದವನು ಹೊನ್ನಪ್ಪ. ಉಳಿದವರೆಲ್ಲ ಕಲ್ಯಾಣ ಮಂಟಪದಲ್ಲಿ ಮಾನವೀಯತೆಯ ಭಾಷಣ ಕೇಳುತ್ತಾ ಊಟಕ್ಕೆ ಕಾಯುತ್ತಿದ್ದರು.

“ಸಾ, ನಿಮ್ ಠಾಣೆಯೋನು ಅಂತ ಹೇಳ್ಕಂಡು ಒಬ್ಬ ಬಂದವ್ನೆ.”

ಹೊನ್ನಪ್ಪನಿಗೆ ಅರೆನಿದ್ದೆ. “ಎಂಗ್ ಮಾತಾಡ್ತಾವ್ನೆ?”

“ಬಾಳ ನಯವಾಗಿ ಮಾತಾಡ್ತಾನೆ ಸಾ. ಎಲ್ಲಾರ್ಗೂ ಸ್ವಾಮಿ, ಸಾಹೇಬ್ರೇ ಅಂತಾನೆ.”

“ಅಂಗಾರೆ ನಮ್ಮೋನಲ್ಲ,” ಎಂದು ಹೊನ್ನಪ್ಪ ಫೋನಿಟ್ಟ. ನಿದ್ದೆ ತಿಳಿಯಾಗುತ್ತಿದ್ದಂತೆ ಏನೋ ಕರ್ತವ್ಯಪ್ರಜ್ಞೆ ಬಂದು ಕಲ್ಯಾಣ ಮಂಟಪಕ್ಕೆ ಸುದ್ದಿ ಮುಟ್ಟಿಸಿದ: ಹೊಂಗೆಕೊಪ್ಪಲಿನಲ್ಲಿ ಜನರೇ ನಕಲಿ ಪೊಲೀಸನ್ನು ಹಿಡಿದಿದ್ದಾರೆ.

ರಘುನಂದನ್ ಅವರಿಗೆ ಸುದ್ದಿ ಹೋಳಿಗೆ ಊಟಕ್ಕಿಂತ ಸಿಹಿಯಾಯಿತು. “ನೋಡಿ ಸಾರ್, ಇದೇ ನಮ್ಮ ಸಂಘದ ಪ್ರಭಾವ. ಜನ ಎಷ್ಟು ಜಾಗೃತರಾಗಿದ್ದಾರೆ!” ಎಂದು ದೊಡ್ಡ ಸಾಹೇಬರನ್ನೂ ಫೋಟೋದವನನ್ನೂ ಜೀಪಿಗೆ ಹತ್ತಿಸಿದರು. ದಾರಿಯಲ್ಲಿ ಹೊನ್ನಪ್ಪನನ್ನೂ ಹಾಕಿಕೊಂಡರು.

ಇತ್ತ ಮಟಮಟ ಮಧ್ಯಾಹ್ನ. ಕಂಬದ ಬುಡದ ಕೆಂಜಿಗ ಒಂದೊಂದಾಗಿ ಚಿಕ್ಕಸ್ವಾಮಿಯ ಪ್ಯಾಂಟಿನೊಳಗೆ ಮೆರವಣಿಗೆ ಹೊರಟಿತ್ತು. ಮೊಣಕಾಲಿನವರೆಗೆ ಅವನು ಸೌಜನ್ಯದಿಂದಲೇ ಇದ್ದ. ಅದು ಅಲ್ಲಿಂದ ಮೇಲಕ್ಕೆ ಹೋದಾಗ ಇಪ್ಪತ್ತನಾಲ್ಕು ಪುಟವೂ ಅವನ ತಲೆಯಿಂದ ಹಾರಿಹೋಯಿತು.

“ಬಿಚ್ರಲಾ ಹಗ್ಗಾನ, ನನ್ಮಕ್ಳಾ!”

ಅದು ಪೀಠಿಕೆ ಮಾತ್ರ. ಆಮೇಲೆ ಅವನು ಶಿವಣ್ಣನ ತಾತನಿಂದ ಶುರುಮಾಡಿ, ಅವನ ವಂಶದ ಮೂರು ತಲೆಮಾರನ್ನು, ಅವರು ಉಳುತ್ತಿದ್ದ ಎತ್ತುಗಳನ್ನೂ ಬಿಡದೆ, ಒಂದೇ ಉಸಿರಿಗೆ ಜಾಲಾಡಿದ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ಪೋಲಾಗಿರಲಿಲ್ಲ. ಜನ ಹರಿಕಥೆ ಕೇಳುವಂತೆ ಬಾಯಿ ಬಿಟ್ಟುಕೊಂಡು ಕೇಳಿದರು.

“ಅಯ್ಯಯ್ಯೋ!” ಶಿವಣ್ಣ ಟವಲ್ಲನ್ನು ಹೆಗಲಿನಿಂದ ಕೆಳಗಿಳಿಸಿದ. “ತೆಪ್ಪಾಯ್ತು ಕಣ್ರಲಾ! ಅಸ್ಲೀ ಸಾಹೇಬ್ರು! ಬಿಚ್ರಲಾ ಬಿರ‍್ರನೆ!”

ಗಂಟುಗಳು ತಾವಾಗಿಯೇ ಬಿಚ್ಚಿಕೊಂಡವೋ ಎಂಬಂತೆ ಹಗ್ಗ ಕಳಚಿತು. ಕುರ್ಚಿ ಬಂತು, ಎಳನೀರು ಬಂತು. ಪಾಷಾ ಬೀಸಣಿಗೆ ಹಿಡಿದು ನಿಂತ. ಅವನ ಮುಖದಲ್ಲಿ ಬೆಳಗಿನಿಂದ ಹೋಗಿದ್ದ ಜೀವ ಮರಳಿತ್ತು. ಸೋಮಮ್ಮ ತನ್ನ ಕುಕ್ಕೆಯಿಂದ ಕೊಬ್ಬಿದ ಹುಂಜವನ್ನೇ ತೆಗೆದು, “ಮೊದ್ಲೇ ಇಂಗ್ ಮಾತಾಡ್ಬಾರ್ದಾ, ನಮ್ಮಪ್ಪಾ?” ಎಂದು ಅವನ ತೊಡೆಯ ಮೇಲಿಟ್ಟಳು.

ಚಿಕ್ಕಸ್ವಾಮಿಗೆ ಬೆಳಗಿನಿಂದ ಮೊದಲ ಬಾರಿ ಸುಖವಾಯಿತು. ಕಾಲ ಮೇಲೆ ಕಾಲು ಹಾಕಿದ. ಹುಂಜವನ್ನು ಕಂಕುಳಿಗೆ ಇರುಕಿಕೊಂಡು, ಎಳನೀರು ಹೀರುತ್ತಾ, ಶಿವಣ್ಣನ ಸೋದರಮಾವಂದಿರು ಬಾಕಿ ಉಳಿದದ್ದು ನೆನಪಾಗಿ ಅವರನ್ನು ಎತ್ತಿಕೊಂಡ.

ಜೀಪು ನಿಂತದ್ದು ಆಗ.

ದೊಡ್ಡ ಸಾಹೇಬರು ಇಳಿದರು. ಸೋದರಮಾವಂದಿರ ಕುರಿತ ಮಾತೆಲ್ಲ ಅವರ ಕಿವಿಗೆ ಸ್ಪಷ್ಟವಾಗಿ ಬಿತ್ತು. ಕಿವಿ ಕೆಂಪಾಯಿತು.

“ಯಾರ್ರೀ ಇವನು? ನಿಮ್ಮವನಾ?”

ಚಿಕ್ಕಸ್ವಾಮಿ ಎಳನೀರು ಕೆಳಗಿಟ್ಟು ಎದ್ದು ನಿಂತ. ರಘುನಂದನ್ ಅವನನ್ನು ನೋಡಿದರು. ಬೆಳಿಗ್ಗೆ ತಾವೇ ಕೈಯಾರೆ ಪುಸ್ತಕ ಕೊಟ್ಟ ಮುಖ. ಆದರೆ ಅವರು ಇಂಥ ಎಷ್ಟೋ ಮುಖಗಳನ್ನು ಕೋರ್ಟಿನಲ್ಲಿ ಗುರುತಿಲ್ಲವೆಂದು ಹೇಳಿ ಬಂದವರು.

“ಛೆ ಛೆ, ಎಲ್ಲಾದರೂ ಉಂಟಾ ಸಾರ್! ನಮ್ಮ ಸಂಘದವರ ಬಾಯಲ್ಲಿ ಇಂಥ ಮಾತು ಬರೋಕೆ ಸಾಧ್ಯವೇ ಇಲ್ಲ. ಇವನೇ ಆ ನಕಲಿ.”

“ಇಲ್ಲ ಸಾ, ಅಸ್ಲಿ!” ಊರಿಗೆ ಊರೇ ಕೂಗಿತು. “ಬೆಳಿಗ್ಗೆಯಿಂದ ನಕ್ಲಿ ಆಗಿದ್ರು, ಈಗ ಅಸ್ಲಿ ಆದ್ರು. ನನ್ ಕಿವಿಯಾರೆ ಕೇಳಿವ್ನಿ!” ಎಂದ ಶಿವಣ್ಣ.

“ಹೊನ್ನಪ್ಪಣ್ಣಾ, ನೀನಾರ ಹೇಳಣ್ಣಾ!” ಎಂದು ಚಿಕ್ಕಸ್ವಾಮಿ ಬೇಡಿಕೊಂಡ. ಹೊನ್ನಪ್ಪ ಆಕಾಶದಲ್ಲಿ ಹದ್ದೊಂದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ರಘುನಂದನ್ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಕಿವಿಯಲ್ಲಿ ಉಸುರಿದರು. “ಅಸಲಿ ಅಂದ್ಯೋ, ಸಂಜೆಯೊಳಗೆ ಕೆಲಸ ಹೋಗುತ್ತೆ. ನಕಲಿ ಅನ್ನು. ಸಾಹೇಬರು ಬೆಂಗಳೂರಿಗೆ ಹೊರಟ ತಕ್ಷಣ ಬಿಡಿಸ್ತೀನಿ. ಕೆಲಸನೂ ಉಳಿಯುತ್ತೆ, ವರ್ಗನೂ ಆಗುತ್ತೆ.”

ಚಿಕ್ಕಸ್ವಾಮಿ ಹುಂಜವನ್ನು ಕೆಳಗೆ ಬಿಟ್ಟು, ತಲೆತಗ್ಗಿಸಿ, “ನಕಲಿ ಸ್ವಾಮಿ,” ಎಂದ.

ದೊಡ್ಡ ಸಾಹೇಬರು ಹಿಗ್ಗಿ ಹೋದರು. “ನೋಡಿದ್ರಾ! ಒಂದೇಟೂ ಹೊಡೆಯದೆ ತಪ್ಪೊಪ್ಪಿಗೆ! ನನ್ನ ಸರ್ವೀಸಲ್ಲೇ ಕಂಡಿರಲಿಲ್ಲ. ಮಾನವೀಯತೆ ಅಂದ್ರೆ ಇದು. ಈ ಕೇಸನ್ನ ಇಡೀ ರಾಜ್ಯಕ್ಕೆ ಮಾದರಿ ಮಾಡ್ತೀನಿ. ಶಿಕ್ಷೆ ಆಗೋವರೆಗೂ ಫೈಲು ನನ್ನ ಟೇಬಲ್ ಮೇಲೇ ಇರಲಿ. ಬಿಡೋ ಹಾಗಿಲ್ಲ!”

ಚಿಕ್ಕಸ್ವಾಮಿ ರಘುನಂದನ್ ಅವರ ಮುಖ ನೋಡಿದ. ಅವರೂ ಈಗ ಹದ್ದನ್ನು ನೋಡುತ್ತಿದ್ದರು.

ಜೀಪು ಹೊರಟಿತು. ಶಿವಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಅದರ ಪಕ್ಕದಲ್ಲೇ ಓಡಿದ.

“ಎದುರ‍್ಕೋಬ್ಯಾಡಿ ಸಾಹೇಬ್ರೇ! ನೀವು ಅಸ್ಲಿ ಅಂತ ಊರೋರೆಲ್ಲ ಕೋರ್ಟಿಗೆ ಬತ್ತೀವಿ! ನೀವ್ ಬಯ್ದಿದ್ದ ಒಂದಕ್ಸರಾನೂ ಬುಡ್ದಂಗೆ ಜಡ್ಜ್ ಸಾಹೇಬ್ರ ಮುಂದೆ ಒಪ್ಪುಸ್ತೀವಿ!”

ಚಿಕ್ಕಸ್ವಾಮಿ ಎರಡೂ ಕೈ ಜೋಡಿಸಿ ಜೀಪಿನ ಹಿಂದಿನಿಂದ ಬಗ್ಗಿದ. ಅವನ ಕಣ್ಣಲ್ಲಿ ನೀರಿತ್ತು.

“ಬೇಡ ಸ್ವಾಮಿ... ದಯವಿಟ್ಟು... ದಯವಿಟ್ಟು ಬರಬೇಡಿ!”

ಶಿವಣ್ಣನ ಓಟ ಗಕ್ಕನೆ ನಿಂತಿತು. ಧೂಳಿನಲ್ಲಿ ಮರೆಯಾಗುತ್ತಿದ್ದ ಜೀಪನ್ನೇ ನೋಡುತ್ತಾ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಪಾಷಾನ ಕಡೆ ತಿರುಗಿದ.

“ಥೂ! ನಕ್ಲಿನೇ ಕಣ್ಲಾ ಪಾಸಾ.”